ಕರೆಂಟ್ ಹೋದ ಅಣುಸ್ಥಾವರಕ್ಕೆ ನೀರುಣಿಸುವುದು ಹೇಗೆ: ಫುಕುಶಿಮಾ ಕಲಿಸಿದ ಕ್ರಮ

ಭೂಮಿ ನಡುಗಿದ ಕೆಲವೇ ಸೆಕೆಂಡುಗಳಲ್ಲಿ ನಿಯಂತ್ರಣ ಸರಳುಗಳು ಒಳಹೊಕ್ಕು ರಿಯಾಕ್ಟರ್ ನಿಂತುಬಿಡುತ್ತದೆ. 2011ರ ಮಾರ್ಚ್ 11ರ ಮಧ್ಯಾಹ್ನ 2.46ಕ್ಕೆ ಜಪಾನಿನ ಫುಕುಶಿಮಾ ದಾಯಿಚಿ ಅಣುಸ್ಥಾವರದಲ್ಲಿ ಓಡುತ್ತಿದ್ದ 1, 2, 3ನೇ ಘಟಕಗಳು ಹೀಗೆಯೇ ತಾವಾಗಿ ನಿಂತವು. ಕಷ್ಟ ಶುರುವಾಗುವುದು ಆಮೇಲೆ. ಉರಿ ಆರಿದರೂ ಒಲೆಯಲ್ಲಿ ಕೆಂಡ ಉಳಿಯುತ್ತದಲ್ಲ, ಹಾಗೆ ಇಂಧನದೊಳಗೆ ಉಳಿಕೆ ಶಾಖ ಇರುತ್ತದೆ. 1ನೇ ಘಟಕದ ಉಷ್ಣ ಸಾಮರ್ಥ್ಯ 1,380 ಮೆಗಾವ್ಯಾಟ್. ನಿಂತ ಕ್ಷಣದಲ್ಲಿ ಉಳಿಕೆ ಶಾಖ ಸುಮಾರು 90 ಮೆಗಾವ್ಯಾಟ್, ಒಂದು ಗಂಟೆಯ ಮೇಲೆ 20ರ ಆಸುಪಾಸು, ಒಂದು ದಿನದ ಮೇಲೂ 7. ಈ ಏಳು ಮೆಗಾವ್ಯಾಟ್ ತಣಿಯಬೇಕಾದರೆ ಗಂಟೆಗೆ ಸುಮಾರು 10 ಟನ್ ನೀರು ಕುದಿದು ಆವಿಯಾಗಬೇಕು. ಅಂದರೆ ಗಂಟೆಗೊಂದು ಟ್ಯಾಂಕರ್ ನೀರು. ಮುಂದೆ ಹೇಳುವ ಕೆಲಸವೆಲ್ಲ ಈ ಒಂದು ಟ್ಯಾಂಕರ್ ನೀರನ್ನು ತಪ್ಪದೆ ಒಳಗೆ ಮುಟ್ಟಿಸುವುದಕ್ಕಾಗಿ.

ಮೊದಲು, ಉಳಿದಿರುವುದನ್ನು ಎಣಿಸಿ

ಕಂಪನ ಹೊರಗಿನ ವಿದ್ಯುತ್ ಮಾರ್ಗಗಳನ್ನು ಕಡಿದಿತ್ತು. ಡೀಸೆಲ್ ಜನರೇಟರ್‌ಗಳು ಹೊತ್ತಿಕೊಂಡವು. ಮುಕ್ಕಾಲು ಗಂಟೆಯ ನಂತರ ಬಂದ ಸುನಾಮಿ 10 ಮೀಟರ್ ಎತ್ತರದ ನೆಲವನ್ನು ದಾಟಿ ನೆಲಮಾಳಿಗೆಗಳಿಗೆ ನುಗ್ಗಿತು. ಅಲ್ಲಿದ್ದ ಜನರೇಟರ್‌ಗಳ ಜೊತೆ ಸ್ವಿಚ್‌ಬೋರ್ಡ್‌ಗಳೂ ಮುಳುಗಿದವು. ಜನರೇಟರ್ ಮಾತ್ರ ಕೆಟ್ಟಿದ್ದರೆ ಟ್ರಕ್ಕಿನ ಮೇಲೆ ಇನ್ನೊಂದನ್ನು ತರಬಹುದು. ಸ್ವಿಚ್‌ಬೋರ್ಡ್ ನೆನೆದರೆ ತಂದ ಕರೆಂಟನ್ನು ಜೋಡಿಸಲು ಜಾಗವೇ ಇರುವುದಿಲ್ಲ. ಆದ್ದರಿಂದ ಮೊದಲ ತಂಡ ಹೋಗಬೇಕಾದದ್ದು ಒಣಗಿ ಉಳಿದ ಬೋರ್ಡ್ ಯಾವುದು ಎಂದು ಹುಡುಕಲಿಕ್ಕೆ. 6ನೇ ಘಟಕದಲ್ಲಿ ಗಾಳಿಯಿಂದ ತಂಪಾಗುವ ಒಂದೇ ಒಂದು ಜನರೇಟರ್ ಉಳಿದಿತ್ತು. ಅದರ ಕರೆಂಟನ್ನು 5ನೇ ಘಟಕಕ್ಕೂ ಎಳೆದರು, ಎರಡೂ ಬದುಕಿದವು.

ಪಟ್ಟಿ ಮಾಡುವಾಗ ನಾಲ್ಕು ಪ್ರಶ್ನೆ ಸಾಕು: ನೇರ ವಿದ್ಯುತ್ತಿನ (ಡಿ.ಸಿ.) ಬ್ಯಾಟರಿ ಇನ್ನೆಷ್ಟು ಗಂಟೆ ಬಾಳುತ್ತದೆ, ಆವಿಯಿಂದಲೇ ಓಡುವ ಪಂಪು ಯಾವುದಿದೆ, ಸಿಹಿನೀರು ಎಷ್ಟು ಟನ್ ಇದೆ, ಕವಾಟಗಳನ್ನು ಕೈಯಿಂದ ತಿರುಗಿಸಲು ದಾರಿ ಇದೆಯೇ. ಬೇಡದ ದೀಪ, ಮಾಪಕಗಳನ್ನು ಆರಿಸಿ ಬ್ಯಾಟರಿ ಉಳಿಸಿ. 3ನೇ ಘಟಕದವರು ಹೀಗೆ ಮಾಡಿ ಒಂದೂವರೆ ದಿನ ದೂಡಿದರು.

ಮಾಪಕ ಹೇಳಿದ್ದನ್ನು ನಂಬಬೇಡಿ

ಇದಕ್ಕೆ ಹೆಚ್ಚು ಜಾಗ ಕೊಡುತ್ತಿದ್ದೇವೆ, ಏಕೆಂದರೆ 1ನೇ ಘಟಕ ಕೈತಪ್ಪಿದ್ದು ಇಲ್ಲಿಯೇ. ಅದಕ್ಕೆ ಐಸೋಲೇಶನ್ ಕಂಡೆನ್ಸರ್ ಎಂಬ, ಪಂಪಿಲ್ಲದೆ ತಂಪು ಮಾಡುವ ವ್ಯವಸ್ಥೆ ಇತ್ತು. ನೇರ ವಿದ್ಯುತ್ ಹೋದಾಗ ನಿಯಂತ್ರಣ ಮಂಡಲ ಅದನ್ನು 'ಕೊಳವೆ ಒಡೆದಿದೆ' ಎಂದು ಓದಿಕೊಂಡು ಕವಾಟಗಳಿಗೆ ಮುಚ್ಚುವ ಆದೇಶ ಕೊಟ್ಟಿತು. ತುರ್ತು ಕೇಂದ್ರದಲ್ಲಿದ್ದವರು ಕಂಡೆನ್ಸರ್ ಓಡುತ್ತಿದೆ ಎಂದೇ ನಂಬಿದ್ದರು. ಓಡುತ್ತಿದ್ದರೆ ಕಟ್ಟಡದ ಗೋಡೆಯಿಂದ ಆವಿ ಜೋರಾಗಿ ಚಿಮ್ಮಬೇಕು. ಅದು ನಿಜಕ್ಕೂ ಹೇಗೆ ಚಿಮ್ಮುತ್ತದೆ ಎಂದು ಕಣ್ಣಾರೆ ಕಂಡವರು ಪಾಳಿಯಲ್ಲಿ ಯಾರೂ ಇರಲಿಲ್ಲ.

ರಾತ್ರಿ 9.19ಕ್ಕೆ ತಾತ್ಕಾಲಿಕ ಬ್ಯಾಟರಿ ಜೋಡಿಸಿದಾಗ ನೀರಿನ ಮಟ್ಟಮಾಪಕವು ಇಂಧನದ ತುದಿಗಿಂತ 200 ಮಿಲಿಮೀಟರ್ ಮೇಲೆ ನೀರಿದೆ ಎಂದು ತೋರಿಸಿತು. ಅಷ್ಟು ಹೊತ್ತಿಗೆ ನೀರು ಇಳಿದು ಇಂಧನ ಬಯಲಾಗಿ ಕರಗತೊಡಗಿತ್ತು. ಕಾರಣ ಸರಳ. ಈ ಮಾಪಕ ಎರಡು ನೀರಿನ ಕಂಬಗಳ ಒತ್ತಡದ ವ್ಯತ್ಯಾಸವನ್ನು ಅಳೆಯುತ್ತದೆ. ಒಂದು ಕಂಬ ಯಾವಾಗಲೂ ತುಂಬಿರಬೇಕು. ಕಂಟೈನ್‌ಮೆಂಟ್ (ರಿಯಾಕ್ಟರ್ ಪಾತ್ರೆಯನ್ನು ಸುತ್ತುವರಿದ ಬಿಗಿ ಕವಚ) ಕಾದು ಆ ಕಂಬದ ನೀರು ಆವಿಯಾದರೆ ವ್ಯತ್ಯಾಸ ತಗ್ಗುತ್ತದೆ, ಒಳಗಿನ ಮಟ್ಟ ಏರಿದಂತೆ ಕಾಣುತ್ತದೆ. ಅಂದರೆ ಪರಿಸ್ಥಿತಿ ಕೆಟ್ಟಷ್ಟೂ ಮಾಪಕ ಒಳ್ಳೆಯ ಸುದ್ದಿ ಹೇಳುತ್ತದೆ.

ಹಾಗಾಗಿ ಒಂದು ಅಂಕಿಯನ್ನು ಇನ್ನೆರಡರ ಜೊತೆ ತಾಳೆ ನೋಡಿ. ಕಂಟೈನ್‌ಮೆಂಟ್ ಒತ್ತಡ ಏರುತ್ತಿದೆಯೇ? ರಿಯಾಕ್ಟರ್ ಕಟ್ಟಡದ ಬಾಗಿಲ ಬಳಿ ವಿಕಿರಣ ಹೆಚ್ಚುತ್ತಿದೆಯೇ? ನೀರು ಹಾಕುತ್ತಿದ್ದರೂ ಮಟ್ಟ ಕದಲದೆ ನಿಂತಿದೆಯೇ? ಇವುಗಳಲ್ಲಿ ಒಂದಕ್ಕೆ 'ಹೌದು' ಎಂದಾದರೂ ಇಂಧನ ನೀರಿನಿಂದ ಹೊರಬಿದ್ದಿದೆ ಎಂದೇ ಹಿಡಿದು ಕೆಲಸ ಮಾಡಿ. 1ನೇ ಘಟಕದಲ್ಲಿ ಅದೇ ರಾತ್ರಿ ಬಾಗಿಲ ಬಳಿಯ ವಿಕಿರಣ ಏರಿ ಕಟ್ಟಡಕ್ಕೆ ಪ್ರವೇಶ ನಿಷೇಧಿಸಬೇಕಾಯಿತು. ನಡುರಾತ್ರಿಯ ಹೊತ್ತಿಗೆ ಕಂಟೈನ್‌ಮೆಂಟ್ ಒತ್ತಡ 0.6 ಮೆಗಾಪ್ಯಾಸ್ಕಲ್ ಎಂದು ಗೊತ್ತಾದ ಮೇಲೆಯೇ ನಂಬಿಕೆ ಮುರಿದದ್ದು.

ಒತ್ತಡ ಇಳಿಸುವ ಮೊದಲು ನೀರು ಸಿದ್ಧವಿರಲಿ

ಓಡುವಾಗ ರಿಯಾಕ್ಟರ್ ಪಾತ್ರೆಯೊಳಗೆ ಸುಮಾರು 7 ಮೆಗಾಪ್ಯಾಸ್ಕಲ್, ಅಂದರೆ ನಮ್ಮ ಸುತ್ತಲ ಗಾಳಿಯ ಒತ್ತಡದ 70 ಪಟ್ಟು ಇರುತ್ತದೆ. ಅಗ್ನಿಶಾಮಕ ವಾಹನ ಕೊಡುವುದು ಹೆಚ್ಚೆಂದರೆ 1. ಆದ್ದರಿಂದ ಸುರಕ್ಷಾ ಕವಾಟ ತೆರೆದು ಆವಿಯನ್ನು ಕೆಳಗಿನ ನೀರಿನ ಕೊಳಕ್ಕೆ ಬಿಟ್ಟು ಒತ್ತಡ ಇಳಿಸಲೇಬೇಕು. ಆದರೆ ಕವಾಟ ತೆರೆದ ಕೂಡಲೇ ಒಳಗಿನ ನೀರು ಭರಭರನೆ ಆವಿಯಾಗಿ ಮಟ್ಟ ಕುಸಿಯುತ್ತದೆ. ಆ ನಿಮಿಷವೇ ಹೊರಗಿನ ನೀರು ಒಳಹೋಗಬೇಕು.

ಕವಾಟಕ್ಕೆ 120 ವೋಲ್ಟ್ ನೇರ ವಿದ್ಯುತ್ ಬೇಕು. ದಾಯಿಚಿಯಲ್ಲಿ ಸಿಬ್ಬಂದಿಯ ಕಾರುಗಳಿಂದ 12 ವೋಲ್ಟಿನ ಬ್ಯಾಟರಿ ಬಿಚ್ಚಿ ತಂದು ಹತ್ತನ್ನು ಸಾಲಾಗಿ ಜೋಡಿಸಿದರು. ಜೋಡಿಸುವಾಗ ರಬ್ಬರ್ ಕೈಗವಸು ಬೇಕು, ತಂತಿಯ ತುದಿಗಳಿಗೆ ಗುರುತು ಬೇಕು. ಕತ್ತಲಲ್ಲಿ ಧನ ಋಣ ಅದಲುಬದಲಾದರೆ ಇದ್ದ ಬ್ಯಾಟರಿಯೂ ಹಾಳು.

ಕ್ರಮ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ 3ನೇ ಘಟಕ ನೋಡಿ. ಮಾರ್ಚ್ 13ರ ನಸುಕಿನ 2.42ಕ್ಕೆ, ಕೆಡುವ ಭಯವಿದ್ದ ಆವಿ ಪಂಪನ್ನು ನಿರ್ವಾಹಕರು ನಿಲ್ಲಿಸಿದರು. ಕವಾಟ ತೆರೆದು ಡೀಸೆಲ್ ಪಂಪಿನಿಂದ ನೀರು ಹಾಯಿಸುವುದು ಅವರ ಲೆಕ್ಕಾಚಾರ. ಬ್ಯಾಟರಿ ಸೋತಿದ್ದರಿಂದ ಕವಾಟ ತೆರೆಯಲಿಲ್ಲ. ಸುಮಾರು ಒಂದು ಗಂಟೆಯಲ್ಲಿ ಒತ್ತಡ 4 ಮೆಗಾಪ್ಯಾಸ್ಕಲ್ ದಾಟಿತು, ಡೀಸೆಲ್ ಪಂಪಿನ ಶಕ್ತಿ 0.6ರ ಸುತ್ತಮುತ್ತ. ಮತ್ತೆ ನೀರು ಹೋದದ್ದು ಬೆಳಗಿನ 9.25ಕ್ಕೆ. ಆರೂವರೆ ಗಂಟೆಗೂ ಹೆಚ್ಚು ಕಾಲ ಒಂದು ಹನಿ ಇಲ್ಲ. ಮುಂದಿನ ದಾರಿ ತೆರೆದಿದೆ ಎಂದು ಖಚಿತವಾಗುವವರೆಗೆ ಓಡುತ್ತಿರುವ ಪಂಪನ್ನು ಕೈಯಾರೆ ನಿಲ್ಲಿಸಬೇಡಿ.

2ನೇ ಘಟಕದಲ್ಲಿ ಕವಾಟ ತೆರೆಯಿತು, ಒತ್ತಡ ಇಳಿಯಿತು. ಆದರೆ ಅಗ್ನಿಶಾಮಕ ವಾಹನ ಇಂಧನ ಮುಗಿದು ನಿಂತಿತ್ತು. ಪ್ರತಿ ವಾಹನಕ್ಕೂ ಒಬ್ಬ ಇಂಧನದ ಹೊಣೆಗಾರನಿರಲಿ. ಎಷ್ಟು ಗಂಟೆಗೆ ತುಂಬಿಸಿದೆವು, ಮುಂದೆ ಯಾವಾಗ ಎಂದು ವಾಹನದ ಮೇಲೆಯೇ ಬರೆದಿರಲಿ. ಇಷ್ಟು ಚಿಕ್ಕ ಕೆಲಸಕ್ಕೆ ಅಲ್ಲಿ ಎಷ್ಟು ದೊಡ್ಡ ಬೆಲೆ ತೆರಬೇಕಾಯಿತು ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ.

ವಾಹನದ ಹರಿವು ಮಾಪಕ ತೋರಿಸುವ ನೀರೆಲ್ಲ ಒಳಗೆ ಹೋಗುತ್ತಿದೆ ಎಂದೂ ಅಲ್ಲ. ಅಲ್ಲಿ ಅಗ್ನಿಶಾಮಕ ಕೊಳವೆಯಿಂದ ಹೋದ ನೀರಿನ ಒಂದು ಪಾಲು ಕವಲು ಕೊಳವೆಗಳ ಮೂಲಕ ಟರ್ಬೈನಿನ ಆವಿ ತಣಿಸುವ ಮುಖ್ಯ ಕಂಡೆನ್ಸರ್ ಕಡೆಗೆ ಸೋರಿತ್ತು. ನಕ್ಷೆ ಹರಡಿಕೊಂಡು ಪ್ರತಿ ಕವಲಿನ ಕವಾಟ ಮುಚ್ಚಿದೆಯೇ ನೋಡಿ, ಕಂಡೆನ್ಸರಿನ ಮಟ್ಟ ಏರುತ್ತಿದ್ದರೆ ನೀರು ದಾರಿ ತಪ್ಪಿದೆ ಎಂದು ತಿಳಿಯಿರಿ.

ಸಿಹಿನೀರು ಮುಗಿದರೆ ಸಮುದ್ರದ ನೀರು. ರಿಯಾಕ್ಟರ್ ಮುಂದೆ ಎಂದೂ ಬಳಕೆಗೆ ಬಾರದು ಎಂಬ ಲೆಕ್ಕ ಆ ಹೊತ್ತಿಗೆ ಬೇಡ. ಸ್ಥಾವರದ ಮುಖ್ಯಸ್ಥ ಮಸಾವೊ ಯೋಶಿದಾ, ನಿಲ್ಲಿಸಿ ಎಂಬ ಆದೇಶ ಬಂದರೂ 1ನೇ ಘಟಕಕ್ಕೆ ಸಮುದ್ರದ ನೀರು ಹಾಯಿಸುವುದನ್ನು ಮುಂದುವರಿಸಿದರು. ಅದು ಸರಿಯಾದ ನಿರ್ಧಾರ. ಸರಣಿಕ್ರಿಯೆ ಮರುಕಳಿಸದಂತೆ ನೀರಿಗೆ ಬೋರಿಕ್ ಆಮ್ಲ ಸೇರಿಸಿ. ಉಪ್ಪು ಹೆಪ್ಪುಗಟ್ಟಿ ದಾರಿ ಕಟ್ಟುವುದರಿಂದ ಆದಷ್ಟು ಬೇಗ ಸಿಹಿನೀರಿಗೆ ಮರಳಬೇಕು. ಅಲ್ಲಿ ಮರಳಿದ್ದು ಮಾರ್ಚ್ 25, 26ರಂದು.

ಆವಿ ಬಿಡುವುದು, ಜಲಜನಕ ಬಿಡುವುದು

ಕಂಟೈನ್‌ಮೆಂಟ್ ಒತ್ತಡ ವಿನ್ಯಾಸದ ಮಿತಿ ದಾಟುತ್ತಿದ್ದರೆ ವೆಂಟ್, ಅಂದರೆ ಆವಿ ಹೊರಬಿಡುವ ದಾರಿ, ತೆರೆಯಲೇಬೇಕು, ಇಲ್ಲವಾದರೆ ಅದು ತನಗೆ ಬೇಕಾದಲ್ಲಿ ಬಿರಿಯುತ್ತದೆ. ಮೊದಲು ಸುತ್ತಲಿನ ಊರುಗಳ ಜನ ಹೊರಟಿದ್ದಾರೆಂದು ಖಚಿತ ಮಾಡಿ, ಗಾಳಿಯ ದಿಕ್ಕು ನೋಡಿ. ಕೊಳದ ನೀರಿನ ಮೂಲಕ ಹಾದುಬರುವ ದಾರಿಯನ್ನೇ ತೆರೆಯಿರಿ. ಅಯೋಡಿನ್, ಸೀಸಿಯಂ ಬಹುಪಾಲು ಆ ನೀರಿನಲ್ಲೇ ಉಳಿಯುತ್ತವೆ. 1ನೇ ಘಟಕದಲ್ಲಿ ಮೊದಲ ತಂಡ ವಿದ್ಯುತ್ ಕವಾಟವನ್ನು ಕೈಯಿಂದ ಶೇಕಡ 25ರಷ್ಟು ತಿರುಗಿಸಿ ಬಂತು, ಎರಡನೆಯ ತಂಡ ವಿಕಿರಣ ತಾಳದೆ ಅರ್ಧದಿಂದ ಮರಳಿತು. ಕೊನೆಗೆ ಹೊರಗಿನಿಂದ ಗಾಳಿ ಕಂಪ್ರೆಸರ್ ಜೋಡಿಸಿ ಎರಡನೆಯ ಕವಾಟ ತೆರೆಯಬೇಕಾಯಿತು. ವಿಕಿರಣ ಏರುವ ಮೊದಲೇ, ಅಂದರೆ ವೆಂಟ್ ಬೇಕೋ ಬೇಡವೋ ಎಂದು ಇನ್ನೂ ಚರ್ಚೆ ನಡೆಯುತ್ತಿರುವಾಗಲೇ, ಕೈಯಿಂದ ತಿರುಗಿಸುವ ಕವಾಟವನ್ನು ತೆರೆದಿಟ್ಟು ಬನ್ನಿ. ಕೊನೆಯ ಕವಾಟ ಮಾತ್ರ ಆದೇಶಕ್ಕೆ ಕಾಯಲಿ.

ಇಂಧನದ ಜರ್ಕೋನಿಯಂ ಹೊದಿಕೆ 1,200 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಆವಿಯೊಡನೆ ಬಿರುಸಾಗಿ ವರ್ತಿಸಿ ಜಲಜನಕ ಉಗುಳುತ್ತದೆ. ಕಂಟೈನ್‌ಮೆಂಟಿನೊಳಗೆ ಸಾರಜನಕ ತುಂಬಿರುವುದರಿಂದ ಅಲ್ಲಿ ಹೊತ್ತುವುದಿಲ್ಲ, ಸೋರಿ ಕಟ್ಟಡದ ಮಾಳಿಗೆಯಡಿ ಸೇರಿದಾಗ ಗಾಳಿಯಲ್ಲಿ ಶೇಕಡ 4 ಇದ್ದರೂ ಹೊತ್ತಬಲ್ಲದು. ಮಾರ್ಚ್ 12ರ ಮಧ್ಯಾಹ್ನ 3.36ಕ್ಕೆ 1ನೇ ಘಟಕ ಸಿಡಿದಾಗ, ಆಗಷ್ಟೇ ಎಳೆದು ಮುಗಿಸಿದ್ದ ವಿದ್ಯುತ್ ಕೇಬಲ್ ತುಂಡಾಯಿತು. 3ನೇ ಘಟಕದ ಜಲಜನಕ, ಎರಡಕ್ಕೂ ಸೇರಿದ ಹೊಗೆಗೊಳವೆಯ ದಾರಿಯಿಂದ ಹಿಮ್ಮುಖವಾಗಿ 4ಕ್ಕೆ ಹರಿದು ಇಂಧನವೇ ಇಲ್ಲದ ರಿಯಾಕ್ಟರಿನ ಕಟ್ಟಡವನ್ನು ಒಡೆಯಿತು. ಜಲಜನಕ ಸೇರುವ ಮೊದಲೇ ಮಾಳಿಗೆಗೆ ತೂತು ಮಾಡಿ. 5 ಮತ್ತು 6ರಲ್ಲಿ ಮಾರ್ಚ್ 18ರಂದು ಹಾಗೆ ಮಾಡಿದರು. ಸೇರಿದ ಮೇಲೆ ಕೊರೆಯಲು ಹೋದರೆ ಕಿಡಿಯೊಂದೇ ಸಾಕು.

ಬಳಸಿದ ಇಂಧನದ ಕೊಳಕ್ಕೆ ಅವಸರ ಕಡಿಮೆ, ಮರೆವು ಸಲ್ಲದು. 4ನೇ ಘಟಕದ ಕೊಳದಲ್ಲಿ 1,535 ಇಂಧನ ಕಟ್ಟುಗಳಿದ್ದವು, ದಿನಕ್ಕೆ ಸುಮಾರು 70 ಟನ್ ನೀರು ಆವಿಯಾಗುತ್ತಿತ್ತು. ಹೆಲಿಕಾಪ್ಟರಿನಿಂದ ಸುರಿದ ನೀರು ಬಹುಪಾಲು ಗಾಳಿಗೆ ಚದುರಿತು. ಕೆಲಸ ಮಾಡಿದ್ದು 58 ಮೀಟರ್ ತೋಳಿನ ಕಾಂಕ್ರೀಟ್ ಪಂಪು ಲಾರಿ.

ಮನುಷ್ಯರು

ಸುನಾಮಿಯಲ್ಲಿ ಸುಮಾರು 5,000 ವೈಯಕ್ತಿಕ ವಿಕಿರಣ ಮಾಪಕಗಳು ಹಾಳಾಗಿ, ತಂಡಕ್ಕೊಂದರಂತೆ ಹಂಚಬೇಕಾಯಿತು. ಮಾಪಕಗಳನ್ನು ಒಂದೇ ಕಡೆ ಇಡಬೇಡಿ. ತುರ್ತು ಮಿತಿಯನ್ನು 100ರಿಂದ 250 ಮಿಲಿಸೀವರ್ಟ್‌ಗೆ ಏರಿಸಲಾಯಿತು, ಆದರೂ ಆರು ಮಂದಿ ಅದನ್ನೂ ದಾಟಿದರು. ಮಾರ್ಚ್ 24ರಂದು ನೆಲಮಾಳಿಗೆಯ ನೀರಿನಲ್ಲಿ ನಿಂತು ಕೇಬಲ್ ಎಳೆಯುತ್ತಿದ್ದ ಮೂವರು, ಮಾಪಕ ಕೂಗುತ್ತಿದ್ದರೂ ಅದು ಕೆಟ್ಟಿರಬೇಕೆಂದು ಕೆಲಸ ಮುಂದುವರಿಸಿದ್ದರು. ಮಾಪಕ ಕೂಗಿದರೆ ಮೊದಲು ಹೊರಗೆ ಬನ್ನಿ, ಮಾಪಕ ಸರಿಯಿದೆಯೇ ಎಂಬ ಪರೀಕ್ಷೆ ಆಮೇಲೆ. ನೀರು ನಿಂತ ಜಾಗಕ್ಕೆ ಮೊಣಕಾಲೆತ್ತರದ ಬೂಟಿಲ್ಲದೆ ಇಳಿಯಬೇಡಿ.

ನಮ್ಮ ಕೈಗಾದಂಥ ಭಾರಜಲದ ರಿಯಾಕ್ಟರುಗಳಲ್ಲಿ ಕ್ರಮ ಸ್ವಲ್ಪ ಬೇರೆ. ಅಲ್ಲಿ ನೀರುಣಿಸಬೇಕಾದದ್ದು ಭಾರಜಲದ ಶಾಖದಿಂದ ಆವಿ ಮಾಡುವ ಸ್ಟೀಮ್ ಜನರೇಟರಿಗೆ. ಇಂಧನದ ಸುತ್ತಲ ಭಾರಜಲ ಬಿಸಿಯಾಗಿ ಮೇಲೇರಿ, ಅಲ್ಲಿ ತಣಿದು ಕೆಳಗಿಳಿಯುತ್ತ ಪಂಪಿಲ್ಲದೆಯೇ ಸುತ್ತುತ್ತದೆ. 1993ರ ಮಾರ್ಚ್ 31ರಂದು ಉತ್ತರ ಪ್ರದೇಶದ ನರೋರಾ ಅಣುಸ್ಥಾವರದಲ್ಲಿ ಬೆಂಕಿ ಬಿದ್ದು ಸುಮಾರು 17 ಗಂಟೆ ಕರೆಂಟಿಲ್ಲದಾಗ, ಸಿಬ್ಬಂದಿ ಡೀಸೆಲ್ ಅಗ್ನಿಶಾಮಕ ಪಂಪುಗಳಿಂದ ಸ್ಟೀಮ್ ಜನರೇಟರುಗಳಿಗೆ ನೀರು ಹಾಯಿಸಿ ಇಂಧನ ಉಳಿಸಿದರು. ಆವಿ ಹೊರಬಿಡುವ ಕವಾಟ ತೆರೆದು ಒತ್ತಡ ಇಳಿಸಿ, ನಂತರ ಅಗ್ನಿಶಾಮಕ ನೀರು: ಅನುಕ್ರಮ ಅದೇ. ಫುಕುಶಿಮಾದ ನಂತರ ಭಾರತದ ಸ್ಥಾವರಗಳಲ್ಲಿ ಹೊರಗಿನಿಂದಲೇ ಮೆದುಗೊಳವೆ ಸಿಕ್ಕಿಸಿ ನೀರುಣಿಸುವ ಜೋಡಣೆಗಳನ್ನು ಕೂಡಿಸಲಾಗಿದೆ. ಆ ಜೋಡಣೆಯ ಅಳತೆಯೂ ಬರುವ ಅಗ್ನಿಶಾಮಕ ವಾಹನದ ಮೆದುಗೊಳವೆಯ ಅಳತೆಯೂ ಒಂದೇ ಎಂದು ಅಣಕು ಕಾರ್ಯಾಚರಣೆಯಲ್ಲಿ ಸಿಕ್ಕಿಸಿಯೇ ನೋಡಿ, ಹಗಲಿನಲ್ಲಿ ಒಮ್ಮೆ, ದೀಪ ಆರಿಸಿ ರಾತ್ರಿಯಲ್ಲಿ ಇನ್ನೊಮ್ಮೆ.