ಚಿತ್ರ ಹೊರಗೆ, ವಿಳಾಸ ಒಳಗೆ: ಕೋಲಾರದ ಕೆರೆಗಳ ರಾಸ್ಟರ್ ಸಂಗ್ರಹ ನನ್ನ ಕೈಗೆ ಹತ್ತಿದ ಬಗೆ

ಡ್ರೋನ್ ಮತ್ತು ಉಪಗ್ರಹ ಚಿತ್ರಗಳ, ಅಂದರೆ ರಾಸ್ಟರ್‌ಗಳ, ಪಿಕ್ಸೆಲ್‌ಗಳನ್ನು ಪೋಸ್ಟ್‌ಜಿಐಎಸ್ ಎಂಬ ನಕ್ಷೆ ಡೇಟಾಬೇಸ್ ಒಳಗೆ ತುಂಬಬೇಡಿ, ಅವುಗಳ ವಿಳಾಸವನ್ನಷ್ಟೇ ಇಡಿ ಎಂದು ನಾನು ಹೇಳಿದಾಗ ಕೆಲಸ ಕೊಟ್ಟವರ ತಾಂತ್ರಿಕ ಸಲಹೆಗಾರರು ಒಪ್ಪಲಿಲ್ಲ. ಎಲ್ಲವೂ ಒಳಗಿರದಿದ್ದರೆ ಅದು ಡೇಟಾಬೇಸ್ ಹೇಗಾದೀತು ಎಂಬುದು ಅವರ ವಾದ. ನಮ್ಮ ಸರ್ವೆ ಹುಡುಗರಿಗೂ ನಂಬಿಕೆ ಇರಲಿಲ್ಲ. ಅವರಿಗೆ ಫೋಲ್ಡರ್‌ಗಳೇ ಸಾಕಿತ್ತು. ಈಗ ಸುಮಾರು ಒಂಬತ್ತು ಟೆರಾಬೈಟ್ ಚಿತ್ರಗಳನ್ನು ಆರೇಳು ಜನ ಏಕಕಾಲಕ್ಕೆ ತೆರೆದು ಕೆಲಸ ಮಾಡುತ್ತಾರೆ. ಆ ಸಲಹೆಗಾರರೇ ಇನ್ನೊಂದು ಜಿಲ್ಲೆಯ ಕೆಲಸಕ್ಕೆ ಇದೇ ವ್ಯವಸ್ಥೆ ಕೇಳಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಕೆಲಸ ಕೋಲಾರದ ಕೆರೆಗಳದ್ದು. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿತ ನೀರು 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದಂದಿನಿಂದ ಯಾವ ಕೆರೆಯಲ್ಲಿ ಎಷ್ಟು ನೀರು ಹರಡಿದೆ ಎಂದು ವರ್ಷವರ್ಷವೂ ತೋರಿಸಬೇಕಿತ್ತು. ಅದಕ್ಕೆ ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳು. ಕೆರೆ ಏರಿ, ಕೋಡಿ, ರಾಜಕಾಲುವೆ, ಒತ್ತುವರಿಗಳಿಗೆ ಐದು ಸೆಂಟಿಮೀಟರ್ ಪಿಕ್ಸೆಲ್‌ನ ಡ್ರೋನ್ ಆರ್ಥೋಮೊಸಾಯಿಕ್, ಅಂದರೆ ಹಲವು ಫೋಟೊಗಳನ್ನು ನಕ್ಷೆಯ ಅಳತೆಗೆ ಸರಿಪಡಿಸಿ ಜೋಡಿಸಿದ ಒಂದೇ ಚಿತ್ರ.

ಸಲಹೆಗಾರರ ಮಾತಿನಂತೆ ಮೊದಲು ಎಲ್ಲವನ್ನೂ 256 ಪಿಕ್ಸೆಲ್‌ನ ಚೌಕ ತುಣುಕುಗಳಾಗಿ ಕತ್ತರಿಸಿ ಕೋಷ್ಟಕಕ್ಕೆ ಏರಿಸಿದೆವು. ಸೆಂಟಿನೆಲ್ ಹೇಗೋ ತೂಗಿಕೊಂಡು ಹೋಯಿತು: ಅದು ಬರುವುದೇ ಟೈಲ್‌ಗಳಾಗಿ, ಒಂದು ಟೈಲ್ ಎಂದರೆ 10,980 ಪಿಕ್ಸೆಲ್ ಉದ್ದ, ಅಷ್ಟೇ ಅಗಲ, ಹತ್ತು ಮೀಟರಿನ ನಾಲ್ಕು ಬ್ಯಾಂಡ್ ಸೇರಿದರೆ ಒಂದು ಗಿಗಾಬೈಟ್‌ಗೆ ತುಸು ಕಡಿಮೆ. ನೆಲ ಕಚ್ಚಿಸಿದ್ದು ಡ್ರೋನ್ ಚಿತ್ರ. ಐದು ಸೆಂಟಿಮೀಟರಿನಲ್ಲಿ ಒಂದು ಚದರ ಕಿಲೋಮೀಟರ್ ಎಂದರೆ ನಲವತ್ತು ಕೋಟಿ ಪಿಕ್ಸೆಲ್, ಮೂರು ಬಣ್ಣಕ್ಕೆ 1.2 ಗಿಗಾಬೈಟ್. ಕಡತದಲ್ಲಿ ಜೆಪೆಗ್ ಸಂಕೋಚನದಿಂದ (ಕಂಪ್ರೆಷನ್) ಅದರ ಹತ್ತನೇ ಒಂದು ಪಾಲಿನಷ್ಟಿದ್ದದ್ದು ಕೋಷ್ಟಕದೊಳಗೆ ಹೋದಾಗ ಮತ್ತೆ ಹೆಚ್ಚುಕಡಿಮೆ ಪೂರ್ಣ ಗಾತ್ರಕ್ಕೆ ಉಬ್ಬಿತು. ದೂರದಿಂದ ನೋಡಲು ಕುಗ್ಗಿಸಿದ ಪ್ರತಿಗಳ ಓವರ್‌ವ್ಯೂ ಕೋಷ್ಟಕಗಳು ಅದರ ಮೇಲೆ ಮೂರನೇ ಒಂದು ಪಾಲು ಸೇರಿಸಿದವು. ಬ್ಯಾಕಪ್ ತೆಗೆಯುವಾಗ ಪ್ರತಿ ಬೈಟ್ ಎರಡು ಹೆಕ್ಸ್ ಅಕ್ಷರವಾಗಿ ಹೊರಬರುತ್ತಿತ್ತು. ರಾತ್ರಿ ಹಚ್ಚಿದ ಬ್ಯಾಕಪ್ ಮರುದಿನ ಮಧ್ಯಾಹ್ನವಾದರೂ ಮುಗಿಯುತ್ತಿರಲಿಲ್ಲ. ಡಿಸ್ಕ್‌ಗಳಿಗೇ ಒಂದೂಕಾಲು ಲಕ್ಷದ ಆಸುಪಾಸು ಹೋಯಿತು, ಅರ್ಧದಷ್ಟು ಕೆರೆಗಳೂ ಒಳಗೆ ಬಂದಿರಲಿಲ್ಲ. ವಾಣಿಜ್ಯ ತಂತ್ರಾಂಶದವರಿಂದ ದರಪಟ್ಟಿ ತರಿಸಿದೆವು. ವರ್ಷದ ಪರವಾನಗಿಯೇ ನಮ್ಮ ಇಡೀ ಗುತ್ತಿಗೆಯ ಕಾಲು ಭಾಗ.

ಆಮೇಲೆ ನನ್ನ ದಾರಿ. ರಾಸ್ಟರ್ ಕಡತಗಳನ್ನು ಓದಿ ಪರಿವರ್ತಿಸುವ ಜಿಡಾಲ್ ತಂತ್ರಾಂಶದಲ್ಲಿ 3.1ನೇ ಆವೃತ್ತಿಯಿಂದ ಸಿಒಜಿ ಡ್ರೈವರ್ ಇದೆ. ಸಿಒಜಿ ಎಂದರೆ ಇಡೀ ಕಡತ ಇಳಿಸದೆ ತುಣುಕುಗಳನ್ನಷ್ಟೇ ಓದಲು ಬರುವ ಟಿಫ್ ಚಿತ್ರ. ಎಲ್ಲ ಕಡತಗಳನ್ನೂ ಅದಕ್ಕೆ ಪರಿವರ್ತಿಸಿ ಕಚೇರಿಯ ಜಾಲಕ್ಕೆ ಜೋಡಿಸಿದ ಡಿಸ್ಕ್ ಪೆಟ್ಟಿಗೆಯಲ್ಲಿ, ಅಂದರೆ ನ್ಯಾಸ್‌ನಲ್ಲಿ, ಇಟ್ಟೆ. ನಾಲ್ಕು ಗಿಗಾಬೈಟ್ ದಾಟುವವಕ್ಕೆಲ್ಲ ಟಿಫ್‌ನ ದೊಡ್ಡ ರೂಪವಾದ ಬಿಗ್‌ಟಿಫ್ ಕಡ್ಡಾಯ. ಎತ್ತರದ ರಾಸ್ಟರ್‌ಗೆ ಜೆಪೆಗ್ ಸೋಕಿಸಲೇಬೇಡಿ. ಮೌಲ್ಯ ಕೆಡದಂತೆ ಕುಗ್ಗಿಸುವ ಡಿಫ್ಲೇಟ್, ದಶಮಾಂಶ ಮೌಲ್ಯಗಳಿಗೆಂದೇ ಇರುವ ಪ್ರಿಡಿಕ್ಟರ್ 3 ಸಾಕು. ಬಣ್ಣದ ಚಿತ್ರಕ್ಕೆ ಜೆಪೆಗ್ ಧಾರಾಳವಾಗಿ ನಡೆಯುತ್ತದೆ, ಆದರೆ ಅಂಚನ್ನು ನೋಡಿಕೊಳ್ಳಬೇಕು. ಚಿತ್ರವಿಲ್ಲದ ಜಾಗಕ್ಕೆ ಸೊನ್ನೆ ಕೊಟ್ಟು ಬಿಟ್ಟರೆ ಸಂಕೋಚನದ ನಂತರ ಆ ಸೊನ್ನೆಗಳು 1, 2, 3 ಆಗಿ ಕೆರೆಯ ಸುತ್ತ ಕಪ್ಪು ಕಸ ಮೂಡುತ್ತದೆ. ಎಲ್ಲಿ ಚಿತ್ರವಿದೆ ಎಲ್ಲಿಲ್ಲ ಎಂದು ಹೇಳುವ ಆಲ್ಫಾ ಬ್ಯಾಂಡ್ ಕೊಟ್ಟರೆ ಅದು ಒಳಗಿನ ಮಾಸ್ಕ್ ಆಗಿ ಕುಳಿತು ಅಂಚು ಕತ್ತರಿಸಿದಂತೆ ನಿಲ್ಲುತ್ತದೆ.

ಡೇಟಾಬೇಸ್‌ನಲ್ಲಿ ಇರುವುದು ಒಂದೇ ಮುಖ್ಯ ಕೋಷ್ಟಕ: ಚಿತ್ರದ ಹೊರರೇಖೆ, ದಿನಾಂಕ, ಸಂವೇದಕ, ಪಿಕ್ಸೆಲ್ ಅಳತೆ, ನಕ್ಷೆಯ ವಲಯ, ಮೋಡದ ಪ್ರಮಾಣ, ಚೆಕ್‌ಸಮ್ (ಕಡತ ಬದಲಾದರೆ ತಿಳಿಸುವ ಗುರುತು ಸಂಖ್ಯೆ), ಕಡತದ ದಾರಿ. ಹೊರರೇಖೆಗೆ ಆಯತ ಹಾಕಿದರೆ ಕೆಲಸ ಕೆಡುತ್ತದೆ. ಡ್ರೋನ್ ಮೊಸಾಯಿಕ್ ಓರೆಯಾಗಿ ಹಾರಿದ್ದರೆ ಆಯತದ ಮೂಲೆಗಳಲ್ಲಿ ಚಿತ್ರವೇ ಇರುವುದಿಲ್ಲ, ಹುಡುಕಿದಾಗ ಪಕ್ಕದ ಕೆರೆಯ ಹೆಸರಿಗೂ ಅದೇ ಕಡತ ಬರುತ್ತದೆ. ನಿಜವಾಗಿ ಪಿಕ್ಸೆಲ್ ಇರುವ ಜಾಗದ ಬಹುಭುಜವನ್ನೇ ಇಟ್ಟಿದ್ದೇನೆ. ಸೆಂಟಿನೆಲ್‌ಗೆ ಮಾತ್ರ, ಲೆಕ್ಕ ಹಾಕುವ ಸಲುವಾಗಿ, ಹೊರಗಿನ ರಾಸ್ಟರ್ ಎಂದು ನೋಂದಾಯಿಸಿದ ಇನ್ನೊಂದು ಕೋಷ್ಟಕವಿದೆ. ಇಲ್ಲಿ ಹಲವರು ಕೈಚೆಲ್ಲುತ್ತಾರೆ: ಹೊರಗಿನ ಕಡತ ಓದುವ ಔಟ್‌ಡಿಬಿ ಅನುಮತಿ ಮತ್ತು ಜಿಡಾಲ್ ಡ್ರೈವರ್‌ಗಳು ಹುಟ್ಟಿನಿಂದಲೇ ಮುಚ್ಚಿರುತ್ತವೆ, ಎರಡನ್ನೂ ತೆರೆಯಬೇಕು. ಇನ್ನು ಕಡತವನ್ನು ಓದುವುದು ನಿಮ್ಮ ಲ್ಯಾಪ್‌ಟಾಪ್ ಅಲ್ಲ, ಸರ್ವರ್‌ನಲ್ಲಿ ಡೇಟಾಬೇಸ್ ನಡೆಸುವ ಪೋಸ್ಟ್‌ಗ್ರೆಸ್ ಬಳಕೆದಾರ. ನ್ಯಾಸ್ ಫೋಲ್ಡರಿಗೆ ಅವನಿಗೆ ಓದುವ ಹಕ್ಕು ಇರಬೇಕು. ಮೇಜಿನ ಮೇಲಿನ ಕಂಪ್ಯೂಟರುಗಳ ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ಗೆ ಅದೇ ಫೋಲ್ಡರನ್ನು ಎನ್‌ಜಿನ್‌ಎಕ್ಸ್ ವೆಬ್ ಸರ್ವರ್ ಮೂಲಕ ಬಡಿಸುತ್ತೇನೆ. ಸಿಒಜಿ ಆದ್ದರಿಂದ ಬೇಕಾದ ತುಣುಕಷ್ಟೇ ತಂತಿಯಲ್ಲಿ ಬರುತ್ತದೆ.

ಒಂದು ನಿಯಮವನ್ನು ಹಟ ಹಿಡಿದು ಪಾಲಿಸಿದೆ: ಒಮ್ಮೆ ನೋಂದಣಿಯಾದ ಕಡತವನ್ನು ಯಾರೂ ಬದಲಿಸುವಂತಿಲ್ಲ. ತಿದ್ದಿದರೆ ಹೊಸ ಕಡತ, ಹೊಸ ಸಾಲು, ಹಳೆಯದಕ್ಕೆ ‘ರದ್ದು’ ಗುರುತು. ‘ಫೈನಲ್’, ‘ಫೈನಲ್ 2’ ಎಂಬ ಕಡತಗಳ ಕಾಟ ಅಲ್ಲಿಗೇ ನಿಂತಿತು. ಒಂದೇ ಜಾಗಕ್ಕೆ ನಾಲ್ಕು ಚಿತ್ರಗಳಿದ್ದಾಗ ಮೇಲೆ ಯಾವುದು ಕಾಣಬೇಕು ಎಂಬುದಕ್ಕೆ ಒಂದು ಅಂಕದ ಸೂತ್ರ ಮಾಡಿಕೊಂಡಿದ್ದೇನೆ. ಅದನ್ನು ಇಲ್ಲಿ ಬಿಡಿಸುವುದಿಲ್ಲ, ಹೊಟ್ಟೆಪಾಡು ಅದರಲ್ಲಿದೆ.

ಕೋಲಾರದಲ್ಲಿ ಕೆಲಸ ಮಾಡುವವರಿಗೆ ಒಂದು ಎಚ್ಚರಿಕೆ. 78 ಡಿಗ್ರಿ ರೇಖಾಂಶ ಈ ಜಿಲ್ಲೆಯನ್ನೇ ಸೀಳಿಕೊಂಡು ಹೋಗುತ್ತದೆ. ಯುಟಿಎಂ ಎಂಬ ನಕ್ಷಾ ಪದ್ಧತಿಯ ಎರಡು ವಲಯಗಳ ಗಡಿ ಅದು: ಮಾಲೂರು ಪಟ್ಟಣ 43ರಲ್ಲಿ, ಮುಳಬಾಗಿಲು 44ರಲ್ಲಿ. ಗಡಿಯಲ್ಲಿ ಸೆಂಟಿನೆಲ್ ಟೈಲ್‌ಗಳು ಒಂದರ ಮೇಲೊಂದು ಹಾಯುವುದರಿಂದ ನರಸಾಪುರದ ಸುತ್ತಿನ ಕೆರೆಗಳು ಎರಡು ವಲಯಗಳಲ್ಲೂ ಬರುತ್ತವೆ. ಲೆಕ್ಕದಲ್ಲಿ ನೀರು ಇಮ್ಮಡಿಯಾಗುತ್ತದೆ. ಒಂದು ವಲಯದ ಚಿತ್ರವನ್ನು ಇನ್ನೊಂದಕ್ಕೆ ಮರುಪ್ರಕ್ಷೇಪಿಸಿ ಪಿಕ್ಸೆಲ್ ಕೆಡಿಸುವ ಬದಲು, ಆ ಸೆಂಟಿನೆಲ್ ಕೋಷ್ಟಕವನ್ನೇ ವಲಯಕ್ಕೊಂದರಂತೆ ಇಟ್ಟು, ಪ್ರತಿ ಕೆರೆಗೂ ಅದರ ವಲಯವನ್ನು ಒಮ್ಮೆಗೇ ಗೊತ್ತು ಮಾಡಿದೆ.

ಈ ನಡುವೆ ಕುತೂಹಲಕ್ಕೆ ಹಸಿರು ಸೂಚ್ಯಂಕವನ್ನೂ ಎಳೆದು ನೋಡಿದೆ. 2022ರ ಆರಂಭದಲ್ಲಿ ಇಡೀ ಜಿಲ್ಲೆಯ ಹಸಿರು ಏಕಾಏಕಿ ಕುಸಿದಂತೆ ಕಂಡಿತು. ಬೆಳೆ ಒಣಗಿರಲಿಲ್ಲ. ಆ ವರ್ಷದ ಜನವರಿ 25ರಿಂದ ಸೆಂಟಿನೆಲ್-2ರ ಸಂಸ್ಕರಣೆ ಬದಲಾಗಿ ಪ್ರತಿ ಪಿಕ್ಸೆಲ್ ಮೌಲ್ಯಕ್ಕೂ 1000 ಸೇರುತ್ತಿದೆ. ಅಂದಿನಿಂದ ಸಂಸ್ಕರಣಾ ಆವೃತ್ತಿಗೆ ಒಂದು ಕಾಲಂ ಸೇರಿಸಿದ್ದೇನೆ, ಡೇಟಾಬೇಸ್‌ನಲ್ಲಿ ಬರೆದಿಟ್ಟ ಸಿದ್ಧ ಪ್ರಶ್ನೆ (ವ್ಯೂ) ಆ 1000ವನ್ನು ತಾನೇ ಕಳೆದು ಕೊಡುತ್ತದೆ. ಇನ್ನೊಂದು ಪ್ರಯೋಗ ಅಂತರಗಂಗೆ ಎಂಬ ನೀರಿನ ಕಳೆಗಿಡ ಮುಚ್ಚಿದ ಕೆರೆಗಳದ್ದು: ನೀರಿನ ಸೂಚ್ಯಂಕ ಅಲ್ಲಿ ನೀರೇ ಇಲ್ಲ ಎನ್ನುತ್ತದೆ, ಕೆರೆ ತುಂಬಿರುತ್ತದೆ. ಸೆಂಟಿನೆಲ್-1ರ ರೇಡಾರ್ ಚಿತ್ರವೂ ಕಳೆಯ ಮೇಲ್ಮೈಗೇ ತಗಲಿ ಹಿಂದಿರುಗಿತು. ಅಂಥ ಕೆರೆಗಳಿಗೆ ಈಗಲೂ ಡ್ರೋನ್ ಹಾರಿಸಿ ದಂಡೆಯ ಗೆರೆಯನ್ನು ಕೈಯಿಂದಲೇ ಎಳೆಯುತ್ತೇವೆ.

ಖರ್ಚು: ನ್ಯಾಸ್ ಪೆಟ್ಟಿಗೆ ನಲವತ್ತು ಸಾವಿರದ ಹತ್ತಿರ, ಹಳೆಯ ಸರ್ವರ್‌ಗೆ ಮೆಮೊರಿ ಹದಿನೈದು ಸಾವಿರ. ಡಿಸ್ಕ್‌ಗಳು ಮೊದಲೇ ಇದ್ದವು. ತಂತ್ರಾಂಶಕ್ಕೆ ಒಂದು ಪೈಸೆಯೂ ಇಲ್ಲ. ‘ಈ ಕೆರೆ ಕಾಣುವ, ಮಾರ್ಚ್‌ನಿಂದ ಮೇವರೆಗಿನ, ಹತ್ತು ಶೇಕಡಕ್ಕಿಂತ ಕಡಿಮೆ ಮೋಡದ ಚಿತ್ರಗಳು’ ಎಂದು ಕೇಳಿದರೆ ಮೊದಲು ಅರ್ಧ ದಿನ ಹಿಡಿಯುತ್ತಿತ್ತು, ಈಗ ಕಣ್ಣು ಮಿಟುಕಿಸುವಷ್ಟರಲ್ಲಿ ಪಟ್ಟಿ ಬರುತ್ತದೆ. ಡೇಟಾಬೇಸ್ ಬ್ಯಾಕಪ್ ಕೆಲವೇ ನಿಮಿಷಗಳದ್ದು. ಚಿತ್ರಗಳು ಬದಲಾಗುವುದೇ ಇಲ್ಲವಾದ್ದರಿಂದ ಆರ್‌ಸಿಂಕ್ ಎಂಬ ನಕಲು ತಂತ್ರಾಂಶ ರಾತ್ರಿ ಹೊಸದನ್ನಷ್ಟೇ ಎರಡನೇ ನ್ಯಾಸ್‌ಗೆ ಒಯ್ಯುತ್ತದೆ, ವಾರಕ್ಕೊಮ್ಮೆ ಚೆಕ್‌ಸಮ್ ತಾಳೆ ನೋಡುತ್ತೇನೆ.