ಒಂದು ಸೆಂಟಿನ ನೋಟಿಸು: ಅಮೆರಿಕದ ಸ್ಪ್ಯಾಕ್‌ಗೆ ಕೈಹಾಕುವ ಮುನ್ನ

ಹೋದ ಚಳಿಗಾಲದಲ್ಲಿ ಕನ್ನಡ ಕೂಟದ ಊಟದ ಸಾಲಿನಲ್ಲಿ ನಿಂತಿದ್ದಾಗ, ಆಗಷ್ಟೇ ಇಲ್ಲಿಗೆ, ಅಮೆರಿಕಕ್ಕೆ, ಕೆಲಸಕ್ಕೆ ಬಂದಿದ್ದ ಹುಡುಗನೊಬ್ಬ ಫೋನು ಮುಂದೆ ಹಿಡಿದ. "ಸರ್, ಈ ವಾರಂಟು ಐದು ವರ್ಷ ಇರುತ್ತೆ ಅಲ್ವಾ? ಸುಮ್ನೆ ಇಟ್ಕೊಂಡಿದೀನಿ." ಪರದೆಯ ಮೇಲೆ ಡಬ್ಲ್ಯೂ ಅಕ್ಷರದಲ್ಲಿ ಮುಗಿಯುವ ಷೇರು ಸಂಕೇತ, ಪಕ್ಕದಲ್ಲಿ ಹಸಿರು ಅಂಕಿ. ಸ್ಪ್ಯಾಕ್ ಎಂಬ ಬಗೆಯ ಕಂಪನಿಯೊಂದರ ವಾರಂಟು, ಅಂದರೆ ಗೊತ್ತಾದ ಬೆಲೆಗೆ ಮುಂದೆ ಷೇರು ಕೊಳ್ಳುವ ಹಕ್ಕು. ತಟ್ಟೆ ಕೆಳಗಿಟ್ಟು ಅವನನ್ನು ಪಕ್ಕಕ್ಕೆ ಎಳೆದುಕೊಂಡು ಹೋದೆ. ಇದೇ ಮಾತನ್ನು, ಇದೇ ಧೈರ್ಯದಲ್ಲಿ, ನಾಲ್ಕು ವರ್ಷದ ಹಿಂದೆ ನಾನೂ ಆಡಿದ್ದೆ. ನನಗದು ಆರು ಸಾವಿರ ಡಾಲರಿನ ಮಾತಾಯಿತು.

ಅವನಂಥವರು ನನಗೆ ಸಿಕ್ಕಿದ್ದು ಇದು ಮೂರನೇ ಸಲ, ಅದಕ್ಕೇ ಬರೆಯುತ್ತಿದ್ದೇನೆ. ಬ್ರೋಕರ್ ಖಾತೆ ತೆರೆಯೋದು ಹೇಗೆ, ಷೇರು ಅಂದರೇನು, ಇದೆಲ್ಲ ನಿಮಗೆ ಗೊತ್ತು.

ಸ್ಪ್ಯಾಕ್ ಅಂದರೆ ವ್ಯಾಪಾರವೇ ಇಲ್ಲದ ಕಂಪನಿ. ಕಾರ್ಖಾನೆ ಇಲ್ಲ, ಗಿರಾಕಿ ಇಲ್ಲ, ಆದಾಯ ಇಲ್ಲ. "ನಮಗೆ ದುಡ್ಡು ಕೊಡಿ, ಒಳ್ಳೆ ಕಂಪನಿಯೊಂದನ್ನು ಹುಡುಕಿ ಅದರೊಳಗೆ ವಿಲೀನವಾಗುತ್ತೇವೆ" ಎಂದು ಸಾರ್ವಜನಿಕರಿಂದ ಹಣ ಎತ್ತುತ್ತದೆ. ಬ್ಲ್ಯಾಂಕ್ ಚೆಕ್ ಕಂಪನಿ ಅನ್ನೋ ಹೆಸರು ಅದಕ್ಕೇ ಬಂದದ್ದು. 1980ರ ದಶಕದಲ್ಲಿ ಇಂಥವನ್ನು ಕಟ್ಟಿ ಜನರಿಗೆ ಚೆನ್ನಾಗಿ ನಾಮ ಹಾಕಿದ್ದರು. ಆಮೇಲೆ ಅಮೆರಿಕದ ಷೇರು ನಿಯಂತ್ರಕ ಸಂಸ್ಥೆ ಎಸ್‌ಇಸಿ 1992ರಲ್ಲಿ ನಿಯಮ 419 ತಂದು ಬಿಗಿ ಮಾಡಿತು. ಮರುವರ್ಷವೇ ಡೇವಿಡ್ ನಸ್‌ಬಾಮ್ ಎಂಬ ಬ್ಯಾಂಕರ್, ಹಣ ಹಾಕಿದವರಿಗೆ ಒಂದಿಷ್ಟು ರಕ್ಷಣೆ ಇಟ್ಟು ಹೊಸ ರೂಪ ಕೊಟ್ಟ. ಈಗ ಇರುವುದು ಅದೇ ವಂಶ. 2020ರಲ್ಲಿ 248 ಸ್ಪ್ಯಾಕ್‌ಗಳು ಮಾರುಕಟ್ಟೆಗೆ ಬಂದವು, 2021ರಲ್ಲಿ 613. ಆಮೇಲೆ ಜ್ವರ ಇಳಿಯಿತು, ಆದರೆ ರೋಗಿ ಸತ್ತಿಲ್ಲ.

ಹಣ ಎತ್ತುವ ರೀತಿ ಹೀಗೆ. ಸ್ಪಾನ್ಸರ್ ಅನ್ನಿಸಿಕೊಂಡವರು ಸಾಮಾನ್ಯವಾಗಿ ಬರೀ 25,000 ಡಾಲರ್ ಕೊಟ್ಟು ಇಡೀ ಕಂಪನಿಯ ಶೇಕಡಾ 20ರಷ್ಟು ಷೇರು ಇಟ್ಟುಕೊಳ್ಳುತ್ತಾರೆ. ಖರ್ಚಿಗೆ ಅಂತ ಬೇರೆ ಹತ್ತಾರು ಲಕ್ಷ ಡಾಲರ್ ಹಾಕುತ್ತಾರೆ, ಅದು ನಿಜವಾಗಲೂ ಅವರ ಕೈಯಿಂದ ಹೋಗುವ ದುಡ್ಡು. ಸಾರ್ವಜನಿಕರಿಗೆ ತಲಾ 10 ಡಾಲರಿನ ಯೂನಿಟ್ ಮಾರುತ್ತಾರೆ. ಒಂದು ಯೂನಿಟ್ಟಿನಲ್ಲಿ ಒಂದು ಷೇರು, ಜೊತೆಗೆ ಅರ್ಧವೋ ಮೂರನೇ ಒಂದು ಭಾಗವೋ ವಾರಂಟು. ಪೊಲೀಸರ ವಾರಂಟಲ್ಲ, ಮುಂದೆ 11.50 ಡಾಲರ್ ಕೊಟ್ಟು ಒಂದು ಷೇರು ಕೊಳ್ಳುವ ಹಕ್ಕು. ಸುಮಾರು 52 ದಿನ ಕಳೆದ ಮೇಲೆ ಯೂನಿಟ್ ಒಡೆದು ಷೇರು, ವಾರಂಟು ಬೇರೆಬೇರೆಯಾಗಿ ವ್ಯಾಪಾರವಾಗುತ್ತವೆ. ನಾಸ್ಡಾಕ್ ಷೇರು ಪೇಟೆಯಲ್ಲಿ ಸಂಕೇತದ ಕೊನೆಗೆ ಯು ಇದ್ದರೆ ಯೂನಿಟ್, ಡಬ್ಲ್ಯೂ ಇದ್ದರೆ ವಾರಂಟು. ಒಡೆಯುವಾಗ ಪೂರ್ತಿ ವಾರಂಟು ಮಾತ್ರ ಸಿಗುತ್ತದೆ, ಚೂರುಪಾರು ಹೋಗಿಬಿಡುತ್ತದೆ. ಮೂರನೇ ಒಂದು ಭಾಗದ ಲೆಕ್ಕದಲ್ಲಿ 100 ಯೂನಿಟ್ ಕೊಂಡರೆ 33 ವಾರಂಟು. 99 ಕೊಂಡರೂ 33.

ಹೀಗೆ ಬಂದ ಹಣವೆಲ್ಲ ಟ್ರಸ್ಟ್ ಖಾತೆಗೆ ಹೋಗಿ ಅಮೆರಿಕ ಸರ್ಕಾರದ ಅಲ್ಪಾವಧಿ ಸಾಲಪತ್ರಗಳಲ್ಲಿ ಕೂರುತ್ತದೆ. ಸ್ಪಾನ್ಸರ್ ಅದನ್ನು ಮುಟ್ಟುವ ಹಾಗಿಲ್ಲ. ವಿಲೀನಕ್ಕೆ ಕಂಪನಿ ಸಿಕ್ಕಾಗ, ನಿಮಗೆ ಅದು ಇಷ್ಟವಾಗದಿದ್ದರೆ ಟ್ರಸ್ಟ್‌ನಲ್ಲಿರುವ ನಿಮ್ಮ ಪಾಲನ್ನು, ಅಂದರೆ ಷೇರಿಗೆ ಸುಮಾರು 10 ಡಾಲರ್ ಮತ್ತು ಬಡ್ಡಿಯನ್ನು, ವಾಪಸ್ ಕೇಳಬಹುದು. ವಿಲೀನದ ಪರವಾಗಿ ಮತ ಹಾಕಿಯೂ ದುಡ್ಡು ವಾಪಸ್ ಕೇಳಬಹುದು! ಈ ಒಂದು ವಿಷಯದಲ್ಲಿ ನಾನು ಅಮೆರಿಕದ ಪಕ್ಷ. ನಮ್ಮ ಕಡೆ ಐಪಿಒ ಅರ್ಜಿ ಹಾಕಿದರೆ ಹಣ ನಮ್ಮ ಬ್ಯಾಂಕ್ ಖಾತೆಯಲ್ಲೇ ತಡೆಹಿಡಿದಿರುತ್ತದೆ, ಅದು ಬಹಳ ಒಳ್ಳೆಯ ವ್ಯವಸ್ಥೆ. ಆದರೆ ಷೇರು ಹಂಚಿಕೆಯಾದ ಮೇಲೆ "ನನಗೆ ಬೇಡ, ಕೊಟ್ಟ ಬೆಲೆ ವಾಪಸ್ ಕೊಡಿ" ಅನ್ನುವ ಬಾಗಿಲೇ ಇಲ್ಲ.

ಒಂದು ಎಚ್ಚರಿಕೆ: ವಾಪಸ್ ಸಿಗುವುದು ಟ್ರಸ್ಟ್‌ನ ಹತ್ತು ಡಾಲರ್, ನೀವು ಕೊಟ್ಟ ಬೆಲೆಯಲ್ಲ. ವಿದ್ಯುತ್ ಕಾರಿನ ಲೂಸಿಡ್ ಕಂಪನಿಯನ್ನು ವಿಲೀನ ಮಾಡಿಕೊಂಡ ಚರ್ಚಿಲ್ ಕ್ಯಾಪಿಟಲ್ 4 ಎಂಬ ಸ್ಪ್ಯಾಕ್‌ನ ಷೇರು 2021ರ ಫೆಬ್ರವರಿಯಲ್ಲಿ ಬರೀ ಗಾಳಿಸುದ್ದಿಗೆ 60 ಡಾಲರ್ ದಾಟಿತ್ತು. ಒಪ್ಪಂದ ಅಧಿಕೃತವಾದ ಮರುದಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬಿತ್ತು. 60ಕ್ಕೆ ಕೊಂಡವರಿಗೆ ಟ್ರಸ್ಟ್ ಖಾತೆ ಇದ್ದೂ ಇಲ್ಲದ ಹಾಗೆ.

ಕಂಪನಿ ಹುಡುಕಾಟಕ್ಕೆ ಸಾಮಾನ್ಯವಾಗಿ 18ರಿಂದ 24 ತಿಂಗಳ ಗಡುವು. ಷೇರುದಾರರ ಮತ ಪಡೆದು ಮುಂದೂಡಬಹುದು, ಆಗಲೂ ಬೇಡವೆಂದವರಿಗೆ ದುಡ್ಡು ವಾಪಸ್. ಷೇರು ಪೇಟೆಯ ನಿಯಮದ ಪ್ರಕಾರ ಹುಡುಕಿದ ಕಂಪನಿಯ ಮೌಲ್ಯ ಟ್ರಸ್ಟ್‌ನ ಶೇಕಡಾ 80ಕ್ಕಾದರೂ ಸಮ ಇರಬೇಕು. ಹಣ ಎತ್ತುವ ಮುಂಚೆಯೇ ಯಾರ ಜೊತೆಗಾದರೂ ಗಂಭೀರ ಮಾತುಕತೆ ನಡೆಸಿದ್ದರೆ ಅದನ್ನು ಹೇಳಲೇಬೇಕು. ಟ್ರಂಪ್ ಮೀಡಿಯಾ ಜೊತೆ ಸೇರಿದ ಡಿಜಿಟಲ್ ವರ್ಲ್ಡ್ ಎಂಬ ಸ್ಪ್ಯಾಕ್ ಹಾಗೆ ಹೇಳಲಿಲ್ಲ ಎಂಬ ಆರೋಪಕ್ಕೆ 2023ರಲ್ಲಿ 1.8 ಕೋಟಿ ಡಾಲರ್ ದಂಡಕ್ಕೆ ಒಪ್ಪಿಕೊಂಡಿತು.

ಈ ಹುಡುಕಾಟದ ಒಳಗುಟ್ಟು ಗಡುವಿನಲ್ಲಿದೆ. ಗಡುವಿನೊಳಗೆ ಸಂಬಂಧ ಕುದುರದಿದ್ದರೆ ಷೇರು ಇಟ್ಟುಕೊಂಡ ನಮಗೆ ದುಡ್ಡು ವಾಪಸ್, ಸ್ಪಾನ್ಸರ್‌ಗೆ ಪೂರ್ತಿ ನಷ್ಟ. ಕುದುರಿದರೆ, ಎಂಥ ಕಂಪನಿಯಾದರೂ ಸರಿ, 25,000 ಡಾಲರಿಗೆ ಬಂದ ಷೇರುಗಳು ಕೋಟಿಗಟ್ಟಲೆಯಾಗುತ್ತವೆ. ಮದುವೆ ಆದರೆ ಮಾತ್ರ ಕಮಿಷನ್ ಸಿಗುವ ದಲ್ಲಾಳಿ ಹುಡುಗನ ಕುಡಿತದ ಬಗ್ಗೆ ಎಷ್ಟು ವಿಚಾರಿಸುತ್ತಾನೋ, ಗಡುವಿನ ಕೊನೆಯ ತಿಂಗಳಲ್ಲಿ ಸ್ಪಾನ್ಸರ್ ಕೂಡ ಅಷ್ಟೇ ವಿಚಾರಿಸುತ್ತಾನೆ. ಬಿಲ್ ಆಕ್ಮನ್ ಎಂಬ ದೊಡ್ಡ ಹೂಡಿಕೆದಾರ ಇದಕ್ಕೆ ಅಪವಾದ. 2020ರಲ್ಲಿ 400 ಕೋಟಿ ಡಾಲರ್ ಎತ್ತಿ, ತಕ್ಕ ಕಂಪನಿ ಸಿಗದೆ 2022ರಲ್ಲಿ ಅಷ್ಟನ್ನೂ ಹಿಂದಿರುಗಿಸಿದ.

ಲೆಕ್ಕ ನೀವೇ ಹಾಕಿ. ಸಾರ್ವಜನಿಕರ 100 ಷೇರು, 1,000 ಡಾಲರ್. ಸ್ಪಾನ್ಸರ್‌ನ 25 ಷೇರು, ಹೆಚ್ಚುಕಡಿಮೆ ಬಿಟ್ಟಿ. ಈಗಲೇ ಷೇರಿಗೆ 8 ಡಾಲರ್ ಆಯಿತು. ವಿಲೀನದ ಹೊತ್ತಿಗೆ ಅರ್ಧ ಜನ ದುಡ್ಡು ವಾಪಸ್ ಪಡೆದರೆ 500 ಡಾಲರಿಗೆ 75 ಷೇರು, ತಲಾ 6.67. ಹಣ ಎತ್ತಿಕೊಟ್ಟ ಬ್ಯಾಂಕರುಗಳ ಬಾಕಿ ಕಮಿಷನ್ನು ಮಾಮೂಲಿಯಾಗಿ ಮೊದಲು ಎತ್ತಿದ ಪೂರ್ತಿ ಮೊತ್ತದ ಶೇಕಡಾ 3.5, ಅಂದರೆ ಇನ್ನೂ 35 ಡಾಲರ್ ಕಳೆಯಿರಿ. ಉಳಿದವರ "ಹತ್ತು ಡಾಲರ್" 6.20ಕ್ಕೆ ಬಂದು ನಿಂತಿತು. ನಮ್ಮೂರ ಕಂಪನಿ ಅಂತ ಅಭಿಮಾನಕ್ಕೆ ಬಿದ್ದವರೂ ಇದ್ದಾರೆ. ಬೆಂಗಳೂರಿನ ಜೂಮ್‌ಕಾರ್ 2023ರ ಡಿಸೆಂಬರಿನಲ್ಲಿ ಹೀಗೆಯೇ ನಾಸ್ಡಾಕ್‌ಗೆ ಬಂತು, ಷೇರು ಎಷ್ಟು ಕುಸಿಯಿತೆಂದರೆ ವರ್ಷ ತುಂಬುವ ಮೊದಲೇ 100 ಷೇರನ್ನು ಕೂಡಿಸಿ ಒಂದು ಮಾಡಬೇಕಾಯಿತು.

ಇನ್ನು ನನ್ನ ಕಥೆಗೆ ಬರುತ್ತೇನೆ.

ನಾನು 2020ರಲ್ಲಿ ಒಂದು ಸ್ಪ್ಯಾಕ್‌ನ 600 ವಾರಂಟು ಕೊಂಡೆ, ತಲಾ ಒಂದೂವರೆ ಡಾಲರ್. ವಿಲೀನ ಮುಗಿಯಿತು, ಷೇರು ಏರಿತು, 21 ದಾಟಿತು. 11.50ಕ್ಕೆ ಕೊಳ್ಳುವ ಹಕ್ಕಾದ್ದರಿಂದ ನನ್ನ ಒಂದೊಂದು ವಾರಂಟು ಹತ್ತು ಡಾಲರಿನ ಆಸುಪಾಸು. ದಾಖಲೆಯಲ್ಲಿ "ವಿಲೀನವಾಗಿ ಐದು ವರ್ಷಕ್ಕೆ ಅವಧಿ ಮುಗಿಯುತ್ತದೆ" ಅಂತ ಓದಿದ್ದೆ. ಅದೇ ವಾಕ್ಯದ ಬಾಲದಲ್ಲಿ "ಅಥವಾ ರಿಡೆಂಪ್ಷನ್ ಆದಲ್ಲಿ ಅದಕ್ಕೂ ಮುಂಚೆ" ಎಂದಿತ್ತು. ಓದಿಯೂ ಓದಲಿಲ್ಲ.

ಒಂದು ದಿನ ಬ್ರೋಕರ್‌ನಿಂದ ಮೇಲ್ ಬಂತು. ವಾರಂಟ್ ರಿಡೆಂಪ್ಷನ್, ಬೆಲೆ 0.01 ಡಾಲರ್. ನಾನು ನಕ್ಕೆ. ಯಾವನಪ್ಪಾ ಇವನು, ಹತ್ತು ಡಾಲರಿನ ಮಾಲನ್ನು ಒಂದು ಸೆಂಟಿಗೆ ಕೇಳ್ತಾನೆ? ನಾನು ಕೊಡಲ್ಲ ಅಂತ ಅಳಿಸಿ ಹಾಕಿದೆ.

ನನ್ನ ತಲೆಯಲ್ಲಿದ್ದದ್ದು ಮ್ಯೂಚುವಲ್ ಫಂಡಿನ ರಿಡೆಂಪ್ಷನ್. ಅಲ್ಲಿ ಬೇಕೆಂದಾಗ ನಾವು ಕೇಳುತ್ತೇವೆ, ಅವರು ದುಡ್ಡು ಕೊಡುತ್ತಾರೆ. ಸ್ಪ್ಯಾಕ್ ಷೇರಿನ ರಿಡೆಂಪ್ಷನ್ ಕೂಡ ಹಾಗೆಯೇ, ಹಕ್ಕು ನಮ್ಮದು. ವಾರಂಟಿನ ರಿಡೆಂಪ್ಷನ್ ತದ್ವಿರುದ್ಧ: ಹಕ್ಕು ಕಂಪನಿಯದು. ಒಂದೇ ದಾಖಲೆ, ಒಂದೇ ಪದ, ಒಂದು ಕಡೆ ಕೊಡುವ ಕೈ, ಇನ್ನೊಂದು ಕಡೆ ಕಸಿಯುವ ಕೈ. ಸಾಮಾನ್ಯ ಷರತ್ತು ಏನೆಂದರೆ, ಷೇರು 30 ವಹಿವಾಟು ದಿನಗಳಲ್ಲಿ 20 ದಿನ 18 ಡಾಲರ್ ಅಥವಾ ಅದಕ್ಕಿಂತ ಮೇಲೆ ನಿಂತರೆ ಕಂಪನಿ 30 ದಿನದ ನೋಟಿಸು ಕೊಟ್ಟು ಎಲ್ಲ ವಾರಂಟುಗಳನ್ನೂ ತಲಾ ಒಂದು ಸೆಂಟಿಗೆ ವಾಪಸ್ ಎಳೆದುಕೊಳ್ಳಬಹುದು. ಕೆಲವು ಒಪ್ಪಂದಗಳಲ್ಲಿ ಷೇರು 10 ಡಾಲರ್ ಮುಟ್ಟಿದರೂ 10 ಸೆಂಟಿನ ಲೆಕ್ಕದಲ್ಲಿ ಕರೆಯುವ ಇನ್ನೊಂದು ಷರತ್ತು ಇರುತ್ತದೆ. ಒಂದು ಸೆಂಟು ಅನ್ನೋದು ಅವರು ಕೇಳುವ ಬೆಲೆಯಲ್ಲ, ಬೆದರಿಕೆ. ಆ 30 ದಿನದೊಳಗೆ 11.50 ಕಟ್ಟಿ ಷೇರು ಮಾಡಿಕೊಳ್ಳಿ, ಇಲ್ಲ ಪೇಟೆಯಲ್ಲಿ ಮಾರಿ, ಎರಡೂ ಮಾಡದಿದ್ದರೆ ಸೆಂಟು ತಗೊಂಡು ಹೋಗಿ ಎಂದು ಅದರ ಅರ್ಥ.

ನೋಟಿಸು ನಮ್ಮ ಮನೆಗೆ ಬರುವುದೂ ಇಲ್ಲ. ಇಲ್ಲಿ ಷೇರು, ವಾರಂಟು ಎಲ್ಲ ಬ್ರೋಕರ್ ಹೆಸರಿನ ಹಿಂದೆ ಇರುತ್ತವೆ. ಕಂಪನಿಯ ದಾಖಲೆಯಲ್ಲಿ ನಾನು ಇಲ್ಲ. ಕಂಪನಿ ಪತ್ರಿಕಾ ಪ್ರಕಟಣೆ ಕೊಟ್ಟು, ದಾಖಲೆಯಲ್ಲಿ ಹೆಸರಿರುವವರಿಗೆ ಪತ್ರ ಕಳಿಸಿದರೆ ಅದರ ಕೆಲಸ ಮುಗಿಯಿತು. ಅದು ಬ್ರೋಕರ್ ಕೈ ದಾಟಿ ನನ್ನ ಮೇಲ್‌ಗೆ ಬರುವಷ್ಟರಲ್ಲಿ ಕೆಲವು ದಿನ ಕಳೆದಿತ್ತು. ಬ್ರೋಕರ್‌ನ ಸ್ವಂತ ಗಡುವು ಬೇರೆ ಇರುತ್ತದೆ, ಕಂಪನಿಯ ಗಡುವಿಗಿಂತ ಕೆಲವು ದಿನ ಮೊದಲೇ. ಎಷ್ಟೋ ಕಡೆ ಆ್ಯಪ್‌ನಲ್ಲಿ ವಾರಂಟು ಚಲಾಯಿಸುವ ಗುಂಡಿಯೇ ಇಲ್ಲ, ಫೋನು ಮಾಡಬೇಕು. ನಾನಂತೂ ಯಾವುದೂ ಗೊತ್ತಿಲ್ಲದೆ ಮೂರು ವಾರ ಊರಿಗೆ ಹೋಗಿ ಬಂದೆ.

ವಾಪಸ್ ಬಂದಾಗ ಸ್ಟೇಟ್‌ಮೆಂಟ್ ನೋಡಿದ್ದು ನನ್ನ ಹೆಂಡತಿ. "ಏನ್ರೀ ಇದು, ಆರು ಡಾಲರ್ ಬಂದಿದೆ?" 600 ವಾರಂಟು, ತಲಾ ಒಂದು ಸೆಂಟು, 6.00. ಎರಡು ಸೊನ್ನೆಯನ್ನೂ ಮುದ್ದಾಗಿ ಅಚ್ಚು ಹಾಕಿದ್ದರು. ಬ್ರೋಕರ್‌ಗೆ ಫೋನು ಮಾಡಿದರೆ ಆಕೆ ಬಹಳ ವಿನಯದಿಂದ ಮೇಲ್ ಕಳಿಸಿದ ತಾರೀಖು, ಸಮಯ ಓದಿ ಹೇಳಿದಳು. ತೆರಿಗೆ ಲೆಕ್ಕದಲ್ಲಿ ತೋರಿಸಲಾದ ನಷ್ಟ 894 ಡಾಲರ್, ಅಂದರೆ ಕೊಂಡ ಬೆಲೆಯಲ್ಲಿ ಆ ಆರು ಕಳೆದು. ಕೈಗೆ ಬಂದು ತಪ್ಪಿದ ಆರು ಸಾವಿರ ಯಾವ ಫಾರಮ್ಮಿನಲ್ಲೂ ಕಾಣುವುದಿಲ್ಲ.

ಅಮೆರಿಕದ ಪದ್ಧತಿಯ ಮೇಲೆ ನನ್ನ ಸಿಟ್ಟು ಇಲ್ಲೇ. ಎಲ್ಲವನ್ನೂ ಬರೆದಿಟ್ಟಿದ್ದೇವೆ, ಓದೋದು ಬಿಡೋದು ನಿಮ್ಮ ಹಣೆಬರಹ ಅನ್ನೋ ಧೋರಣೆ. ನಮ್ಮಲ್ಲಿ ಹಕ್ಕಿನ ಷೇರಿನ (ಇರುವ ಷೇರುದಾರರಿಗೆ ಕಂಪನಿ ಕೊಡುವ ರೈಟ್ಸ್ ಷೇರಿನ) ಅರ್ಹತೆಯನ್ನು ಬಳಸದೆ ಬಿಟ್ಟರೆ ಅದೂ ಸತ್ತೇ ಹೋಗುತ್ತದೆ, ಸುಳ್ಳು ಹೇಳಲಾರೆ. ಆದರೆ ಡಿಮ್ಯಾಟ್ ಖಾತೆ ನನ್ನ ಹೆಸರಲ್ಲೇ ಇರುತ್ತದೆ, ಅರ್ಜಿ ನನಗೇ ಬರುತ್ತದೆ. ಆ ಪದ್ಧತಿಯೇ ಮೇಲು. ಎಸ್‌ಇಸಿ 2024ರಲ್ಲಿ ಸ್ಪ್ಯಾಕ್ ನಿಯಮ ಬಿಗಿ ಮಾಡಿತು. ಸ್ಪಾನ್ಸರ್ ಪಾಲಿನಿಂದ ನಮ್ಮ ಪಾಲು ಎಷ್ಟು ತೆಳುವಾಗುತ್ತದೆಂದು ಈಗ ಎದ್ದು ಕಾಣುವಂತೆ ತೋರಿಸಬೇಕು, ಐದು ವರ್ಷ ಮುಂದಿನ ಬಣ್ಣಬಣ್ಣದ ಆದಾಯದ ಅಂದಾಜುಗಳಿಗೆ ಮೊದಲಿದ್ದ ಕಾನೂನಿನ ರಕ್ಷೆ ಇಲ್ಲ. ಸ್ಪ್ಯಾಕ್ ಮೂಲಕವೇ ಪೇಟೆಗೆ ಬಂದ ನಿಕೋಲಾ ಟ್ರಕ್ ಕಂಪನಿಯ ಸ್ಥಾಪಕ ಟ್ರೆವರ್ ಮಿಲ್ಟನ್ ವಂಚನೆಗೆ 2022ರಲ್ಲಿ ಅಪರಾಧಿಯಾದ ಮೇಲೆ (ಆಮೇಲೆ ಅಧ್ಯಕ್ಷರ ಕ್ಷಮಾದಾನ ಸಿಕ್ಕಿತು, ಅದು ಬೇರೆ ಮಾತು) ಅಷ್ಟಾದರೂ ಆಗಬೇಕಿತ್ತು. ಒಂದು ಸೆಂಟಿನ ಷರತ್ತು ಮಾತ್ರ ಇದ್ದಲ್ಲೇ ಇದೆ.

ಹಾಗಾಗಿ ವಾರಂಟು ಕೊಂಡ ದಿನವೇ ಕಂಪನಿಗಳ ದಾಖಲೆಗಳೆಲ್ಲ ಸಿಗುವ ಎಸ್‌ಇಸಿಯ ಎಡ್ಗರ್ ತಾಣಕ್ಕೆ ಹೋಗಿ, ಅದು ಬಿಟ್ಟಿ, ಆ ಕಂಪನಿಯ ವಾರಂಟು ಒಪ್ಪಂದ ತೆಗೆದು ರಿಡೆಂಪ್ಷನ್ ಎಂಬ ಪದ ಹುಡುಕಿ. ಷೇರು 18ರ ಹತ್ತಿರ ಬಂದಾಗಿನಿಂದ ವಾರಕ್ಕೊಮ್ಮೆ ಅದರ 8-ಕೆ ವರದಿಗಳನ್ನು (ಮುಖ್ಯ ಬೆಳವಣಿಗೆ ಆದಾಗ ಕಂಪನಿ ಎಸ್‌ಇಸಿಗೆ ಸಲ್ಲಿಸುವ ವರದಿ) ನೋಡಿ. ಷೇರು ಇಟ್ಟುಕೊಂಡು ವಿಲೀನದ ಮುಂಚೆ ದುಡ್ಡು ವಾಪಸ್ ಕೇಳುವವರಿಗೂ ಗಡುವು ಸಾಮಾನ್ಯವಾಗಿ ಸಭೆಗೆ ಎರಡು ಕೆಲಸದ ದಿನ ಮುಂಚೆ, ಬ್ರೋಕರ್‌ನದು ಅದಕ್ಕೂ ಮುಂಚೆ. ಸುಮ್ಮನಿದ್ದರೆ ಹೊಸ ಕಂಪನಿಯ ಷೇರುದಾರ ಆಗಿಬಿಡುತ್ತೀರಿ. ಕೇಮನ್ ದ್ವೀಪದಲ್ಲಿ ನೋಂದಣಿಯಾದ ಸ್ಪ್ಯಾಕ್ ಆದರೆ, ನೀವು ಇಲ್ಲಿ ತೆರಿಗೆ ಕಟ್ಟುವ ನಿವಾಸಿಯಾಗಿದ್ದರೆ, ವಿದೇಶಿ ಹೂಡಿಕೆ ಕಂಪನಿಗಳ ಷೇರು ಇಟ್ಟುಕೊಂಡವರಿಗಾಗಿ ಇರುವ 8621 ಎಂಬ ತೆರಿಗೆ ಫಾರಮ್ಮಿನ ಬಗ್ಗೆ ತೆರಿಗೆ ಸಲಹೆಗಾರರನ್ನು ಮೊದಲೇ ಕೇಳಿ. ನಮ್ಮೂರಿನ ಮ್ಯೂಚುವಲ್ ಫಂಡು ಇಟ್ಟುಕೊಂಡವರಿಗೆ ಆ ಫಾರಮ್ಮಿನ ಪರಿಚಯ ಇದ್ದೇ ಇರುತ್ತದೆ.

ಊಟದ ಸಾಲಿನ ಹುಡುಗನ ಫೋನಿನಲ್ಲೇ ಎಡ್ಗರ್ ತೆರೆಸಿದೆ. ನೋಟಿಸು ಹೊರಟು ಆಗಲೇ 19 ದಿನವಾಗಿತ್ತು. ಬ್ರೋಕರ್‌ನ ಮೇಲ್ ಅವನ ಪ್ರಚಾರದ ಮೇಲ್‌ಗಳ ಫೋಲ್ಡರಿನಲ್ಲಿ, ಒಂದು ಶೂ ಜಾಹೀರಾತಿನ ಕೆಳಗೆ, ತೆರೆಯದೆ ಬಿದ್ದಿತ್ತು. ಅದರಲ್ಲಿ ಬ್ರೋಕರ್‌ನ ಗಡುವು ಗುರುವಾರ. ಅವತ್ತು ಶನಿವಾರ. ಸೋಮವಾರ ಬೆಳಿಗ್ಗೆ ಪೇಟೆ ತೆರೆದು ಐದು ನಿಮಿಷಕ್ಕೆ ಅವನ ಸಂದೇಶ ಬಂತು: "ಮಾರಿದೆ ಸರ್. ಅವತ್ತು ನಿಮ್ಮ ಊಟ ತಣ್ಣಗಾಯ್ತು, ಸಾರಿ."