ಟೈಮಿಂಗ್ ಬೆಲ್ಟಿಗೊಂದು ಮೂರನೇ ಕೈ

ಬೈಕ್ ಎಂಜಿನ್ನಿನ ಟೈಮಿಂಗ್ ಬೆಲ್ಟ್, ಅಂದರೆ ವಾಲ್ವುಗಳನ್ನು ನಡೆಸುವ ಕ್ಯಾಮನ್ನು ತಿರುಗಿಸುವ ಹಲ್ಲಿನ ರಬ್ಬರ್ ಬೆಲ್ಟ್, ಹಾಕುವಾಗ ಇರೋ ಎರಡು ಕೈ ಸಾಲುವುದಿಲ್ಲ. ಒಂದು ಕೈ ಬೆಲ್ಟನ್ನು ಬಿಗಿಯಾಗಿಸುವ ಟೆನ್ಷನರ್ ರೋಲರನ್ನು ತಿರುಗಿಸಿ ಹಿಡಿದಿರಬೇಕು. ಇನ್ನೊಂದು ಕೈ ಬೆಲ್ಟನ್ನು ಮೀಟಿ ಬಿಗಿ ನೋಡಬೇಕು. ಬಿಗಿ ಸರಿ ಇದೆ ಅಂದಾಗ ನಟ್ ಬಿಗಿ ಮಾಡುವವರು ಯಾರು? ನಾನು ಮೊದಲ ಸಲ ಮಗಳನ್ನು ಕರೆದೆ. ಅವಳು ಐದು ನಿಮಿಷ ಸ್ಪ್ಯಾನರ್ ಹಿಡಿದಳು, ಆರನೇ ನಿಮಿಷಕ್ಕೆ ‘ಅಪ್ಪಾ, ಬೆರಳು ನೋಯ್ತಿದೆ’ ಅಂದಳು. ಮುಂದಿನ ಸಲದ ಹೊತ್ತಿಗೆ ಒಂದು ಕಬ್ಬಿಣದ ಪಟ್ಟಿ ಮತ್ತು ಮುರಿದ ಡ್ರಿಲ್ ಬಿಟ್‌ಗಳಿಂದ ಮೂರನೇ ಕೈ ತಯಾರಾಗಿತ್ತು. ಅದನ್ನು ಮಾಡುವುದು ಹೇಗೆ, ಬಳಸುವುದು ಹೇಗೆ ಅನ್ನುವುದೇ ಈ ಬರಹ.

ನನ್ನದು ಹಳೆಯ ಡುಕಾಟಿ. ಎರಡು ಸಿಲಿಂಡರ್, ಸಿಲಿಂಡರಿಗೆ ನಾಲ್ಕು ವಾಲ್ವ್, ನೀರಿನಿಂದ ತಣ್ಣಗಾಗುವ ಎಂಜಿನ್. ಹೆಚ್ಚಿನ ಬೈಕುಗಳಲ್ಲಿ ಕ್ಯಾಮ್ ತಿರುಗಿಸಲು ಚೈನ್ ಇರುತ್ತದೆ, ಬೆಲ್ಟ್ ಇರುವುದು ಕೆಲವಕ್ಕೆ ಮಾತ್ರ. ಹೋಂಡಾ ಗೋಲ್ಡ್ ವಿಂಗ್ 1975ರ ಜಿಎಲ್1000ದಿಂದ ಜಿಎಲ್1500ರವರೆಗೆ ಬೆಲ್ಟಿನಲ್ಲೇ ಓಡಿತು, 2001ರ ಜಿಎಲ್1800ಕ್ಕೆ ಚೈನ್ ಬಂತು. ಡುಕಾಟಿ ತನ್ನ ಪಾಂಟಾ ಮಾದರಿಯ ಕಾಲದಿಂದ ಬೆಲ್ಟ್ ಹಿಡಿಯಿತು. ನಮ್ಮ ಎಂಜಿನ್ನುಗಳಲ್ಲಿ ವಾಲ್ವ್ ತೆರೆಯಲು ಒಂದು ರಾಕರ್ (ಕ್ಯಾಮ್ ಆಡಿಸುವ ಸಣ್ಣ ತೋಳು), ಮುಚ್ಚಲು ಇನ್ನೊಂದು. ಬೆಲ್ಟ್ ಹರಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಗುದ್ದುತ್ತದೆ, ಮತ್ತೆ ಆಗುವ ಖರ್ಚಿನ ಬಗ್ಗೆ ಮಾತಾಡುವುದೇ ಬೇಡ. ಅದಕ್ಕೇ ಬೈಕ್ ಓಡಿರಲಿ, ಸುಮ್ನೆ ನಿಂತಿರಲಿ, ಕೈಪಿಡಿ ಹೇಳಿದಷ್ಟು ವರ್ಷಕ್ಕೆ ಬೆಲ್ಟ್ ಬದಲಿಸಲೇಬೇಕು. ರಬ್ಬರಿಗೆ ಕಿಲೋಮೀಟರಿನಷ್ಟೇ ವಯಸ್ಸೂ ಲೆಕ್ಕ.

ಈಗ ಟೆನ್ಷನರ್ ವಿಷಯ. ನನ್ನ ಬೈಕಿನಲ್ಲಿ ಪ್ರತಿ ಬೆಲ್ಟಿಗೂ ಎರಡು ರೋಲರ್. ಒಂದು ಅಲ್ಲಾಡುವುದಿಲ್ಲ. ಇನ್ನೊಂದು ಎಕ್ಸೆಂಟ್ರಿಕ್, ಅಂದರೆ ಅದರ ತೂತು ಸರಿಯಾಗಿ ನಡುವಿನಲ್ಲಿಲ್ಲ, ಪಕ್ಕಕ್ಕೆ ಜರುಗಿದೆ. ತಿರುಗಿಸಿದರೆ ರೋಲರ್ ಬೆಲ್ಟಿನ ಕಡೆಗೆ ಬರುತ್ತದೆ ಅಥವಾ ದೂರ ಹೋಗುತ್ತದೆ. ತಿರುಗಿಸಲು ಅದರ ಮುಖದಲ್ಲಿ ಎರಡು ಸಣ್ಣ ತೂತುಗಳಿವೆ. ನಡುವಿನ ನಟ್ ಬಿಗಿ ಮಾಡಿದರೆ ಇದ್ದಲ್ಲೇ ನಿಲ್ಲುತ್ತದೆ. ನಿಮ್ಮ ಬೈಕಿನದು ಹೀಗಿದೆಯೇ ಅಂತ ಮೊದಲು ಕವರ್ ಬಿಚ್ಚಿ ನೋಡಿಕೊಳ್ಳಿ. ಬ್ರ್ಯಾಕೆಟ್ ಮೇಲೆ ಜರುಗುವ ಟೆನ್ಷನರ್ ಆದರೆ ಈ ಉಪಕರಣ ಉಪಯೋಗಕ್ಕೆ ಬರುವುದಿಲ್ಲ.

ಆ ಎರಡು ತೂತಿಗೆ ಸರ್ಕ್ಲಿಪ್ ಪ್ಲೈಯರ್ ತುರುಕಿ ತಿರುಗಿಸುವವರಿದ್ದಾರೆ. ನಾನು ಬೈಕ್ ಕೊಂಡಾಗ ಎರಡೂ ರೋಲರುಗಳ ಮುಖದಲ್ಲಿ ಪ್ಲೈಯರ್ ಜಾರಿ ಗೀಚಿದ ಗಾಯಗಳಿದ್ದವು, ಹಿಂದೆ ಕೈ ಹಾಕಿದವರು ಯಾರೋ ಏನೋ. ಪ್ಲೈಯರ್ ಜಾರಿದರೆ ರೋಲರ್ ಮಾತ್ರ ಅಲ್ಲ, ಹೊಸ ಬೆಲ್ಟಿನ ಅಂಚೂ ಕಚ್ಚಿಹೋಗುತ್ತದೆ.

ಉಪಕರಣ ಮಾಡುವುದು

ಬೇಕಾದದ್ದು ಇಷ್ಟು: 5 ಅಥವಾ 6 ಮಿಲಿಮೀಟರ್ ದಪ್ಪದ ಕಬ್ಬಿಣದ ಪಟ್ಟಿ, ಉದ್ದ 200 ಮಿಲಿಮೀಟರ್ ಸಾಕು. ಅಗಲ ರೋಲರಿನ ಮುಖದಷ್ಟು. ಹ್ಯಾಕ್ಸಾ, ಅರ, ಸೆಂಟರ್ ಪಂಚ್, ಡ್ರಿಲ್, ವೈಸ್. ಪಿನ್ನಿಗೆ ಹಳೆಯ ಡ್ರಿಲ್ ಬಿಟ್‌ಗಳ ಹಿಂಬದಿಯ ನಯವಾದ ಭಾಗ. ನನ್ನ ಮೊದಲ ಪಿನ್ನುಗಳು ಮೊಳೆಯವು. ಒಂದೇ ಸಲಕ್ಕೆ ಬಾಗಿದವು. ಡ್ರಿಲ್ ಬಿಟ್ಟಿನವು ಇನ್ನೂ ನೆಟ್ಟಗಿವೆ.

ಎಲ್ಲ ಕಷ್ಟ ಇರುವುದು ಎರಡು ತೂತುಗಳ ನಡುವಿನ ಅಂತರದಲ್ಲಿ. ಅರ್ಧ ಮಿಲಿಮೀಟರ್ ತಪ್ಪಿದರೂ ಪಿನ್ ಒಳಗೆ ಹೋಗುವುದಿಲ್ಲ. ವರ್ನಿಯರ್ ಇದ್ದರೆ ಎರಡು ತೂತುಗಳ ಒಳ ಅಂಚಿನಿಂದ ಒಳ ಅಂಚಿಗೆ ಅಳೆದು ಅದಕ್ಕೆ ಒಂದು ತೂತಿನ ವ್ಯಾಸ ಕೂಡಿಸಿ. ಅದೇ ನಡುವಿನಿಂದ ನಡುವಿಗೆ ಇರುವ ದೂರ. ಆದರೆ ನನಗೆ ಹೆಚ್ಚು ನಂಬಿಕೆ ಇರುವುದು ರಟ್ಟಿನ ಮೇಲೆ. ತೆಳು ರಟ್ಟನ್ನು ರೋಲರಿನ ಮುಖಕ್ಕೆ ಒತ್ತಿ ಹಿಡಿದು ಎಣ್ಣೆ ಮೆತ್ತಿದ ಹೆಬ್ಬೆರಳಿನಿಂದ ಉಜ್ಜಿ. ಎರಡು ತೂತು, ನಡುವಿನ ನಟ್, ಎಲ್ಲದರ ಅಚ್ಚು ಮೂಡುತ್ತದೆ. ಅಚ್ಚಿನಲ್ಲೇ ತೂತು ಕತ್ತರಿಸಿ, ರಟ್ಟನ್ನು ವಾಪಸ್ ರೋಲರಿನ ಮೇಲಿಟ್ಟು ನೋಡಿ. ರಟ್ಟು ಹೊಂದಿದ ಮೇಲೇ ಕಬ್ಬಿಣಕ್ಕೆ ಕೈ ಹಾಕಿ.

ಇನ್ನೊಂದು ಲೆಕ್ಕ ಈಗಲೇ ಹಾಕಿ. ಈ ಉಪಕರಣದ ಜಾಣತನ ಇರುವುದು ನಡುವಿನ ದೊಡ್ಡ ತೂತಿನಲ್ಲಿ. ಪಿನ್ನುಗಳು ರೋಲರನ್ನು ಹಿಡಿದಿರುವಾಗಲೇ ಆ ತೂತಿನ ಮೂಲಕ ಸಾಕೆಟ್ ಇಳಿಸಿ ನಟ್ ಬಿಗಿ ಮಾಡುವುದು. ಸಾಕೆಟ್ಟಿನ ಹೊರ ವ್ಯಾಸ ಎರಡು ಪಿನ್ನುಗಳ ನಡುವೆ ಹಿಡಿಸಬೇಕು ತಾನೇ? ನಡುವಿನಿಂದ ನಡುವಿನ ದೂರದಲ್ಲಿ ಒಂದು ಪಿನ್ನಿನ ವ್ಯಾಸ ಕಳೆಯಿರಿ. ಉಳಿದದ್ದು ಸಾಕೆಟ್ಟಿಗಿಂತ ಕನಿಷ್ಠ ಒಂದು ಮಿಲಿಮೀಟರ್ ಜಾಸ್ತಿ ಇರಲಿ. ಇಲ್ಲದಿದ್ದರೆ ಗೋಡೆ ತೆಳುವಾಗಿರುವ ಸಾಕೆಟ್ ಹುಡುಕಿ.

ಪಟ್ಟಿಯ ಒಂದು ತುದಿಯಲ್ಲಿ ಮೊದಲು ಪಿನ್ನುಗಳ ಎರಡು ತೂತು ಕೊರೆಯಿರಿ. ಸೆಂಟರ್ ಪಂಚ್ ಹೊಡೆಯದೆ ಕೊರೆದರೆ ಡ್ರಿಲ್ ನಡೆದುಕೊಂಡು ಹೋಗಿಬಿಡುತ್ತದೆ. ತೂತು ಪಿನ್ನಿಗಿಂತ ಒಂದು ಎಳೆ ಚಿಕ್ಕದಾಗಿರಲಿ, 0.1 ಮಿಲಿಮೀಟರ್ ಅಷ್ಟೇ. ಪಿನ್ ಸುತ್ತಿಗೆಯ ಏಟಿಗೆ ಬಿಗಿಯಾಗಿ ಕೂರುತ್ತದೆ. ಡ್ರಿಲ್ ಬಿಟ್ ಸಿಡಿದರೆ ಚೂರು ಕಣ್ಣಿಗೆ ಬರುತ್ತದೆ. ಹಾಗಾಗಿ ಕನ್ನಡಕ ಹಾಕಿ, ಏಟು ನೇರವಾಗಿ ಅದಕ್ಕೆ ಬೀಳದಂತೆ ನಡುವೆ ಹಿತ್ತಾಳೆಯ ತುಂಡು ಇಡಿ. ಇಲ್ಲವಾದರೆ ವೈಸಿನಲ್ಲಿಟ್ಟು ಒತ್ತಿ, ಅದೇ ವಾಸಿ. ಪಿನ್ ಹೊರಗೆ ಚಾಚುವುದು ರೋಲರಿನ ತೂತಿನ ಆಳಕ್ಕಿಂತ ಸ್ವಲ್ಪ ಕಡಿಮೆ ಇರಬೇಕು. ಆಗಲೇ ಪಟ್ಟಿ ರೋಲರಿನ ಮುಖಕ್ಕೆ ಕೂತುಕೊಳ್ಳುತ್ತದೆ. ತುದಿಯನ್ನು ಅರದಿಂದ ದುಂಡಗೆ ಮಾಡಿ. ನಡುವಿನ ದೊಡ್ಡ ತೂತನ್ನು ಪಿನ್ ಕೂರಿಸುವ ಮೊದಲೇ ಕೊರೆದು, ಉರುಟು ಅರದಿಂದ ಬೇಕಾದಷ್ಟು ಅಗಲ ಮಾಡಿಕೊಳ್ಳಿ. ನನಗೆ ಒಂದು ಸಂಜೆ ಪೂರ್ತಿ ಹಿಡಿದದ್ದು ಈ ತೂತಿಗೇ.

ಇನ್ನೊಂದು ತುದಿಗೆ ಒಂದು ಸಣ್ಣ ತೂತು ಬೇಕು. ಅದು ಯಾಕೆ ಅಂತ ಆಮೇಲೆ ಹೇಳುತ್ತೇನೆ. ಹಿಡಿಯನ್ನು ಇದಕ್ಕಿಂತ ಉದ್ದ ಮಾಡಬೇಡಿ. ಉದ್ದವಾದರೆ ಬಲ ಜಾಸ್ತಿ ಬೀಳುತ್ತದೆ, ಬಿಗಿ ಎಷ್ಟಾಯಿತು ಅನ್ನುವುದು ಕೈಗೆ ಗೊತ್ತಾಗುವುದಿಲ್ಲ.

ಬೆಲ್ಟ್ ಬಿಚ್ಚುವ ಮೊದಲು

ಎಂಜಿನ್ ಪೂರ್ತಿ ತಣ್ಣಗಿರಬೇಕು. ಕೈಗೆ ಬೆಚ್ಚಗೆ ತಾಗಿದರೂ ಬೇಡ, ರಾತ್ರಿ ನಿಲ್ಲಿಸಿ ಬೆಳಿಗ್ಗೆ ಶುರು ಮಾಡಿ. ಅಲ್ಯೂಮಿನಿಯಂ ಕಾದರೆ ಹಿಗ್ಗುತ್ತದೆ, ಬೆಲ್ಟಿನ ಬಿಗಿ ಏರುತ್ತದೆ, ನಿಮ್ಮ ಅಳತೆಗೆ ಅರ್ಥವೇ ಇರುವುದಿಲ್ಲ. ಬ್ಯಾಟರಿ ವೈರ್ ಬಿಚ್ಚಿ, ಸ್ಪಾರ್ಕ್ ಪ್ಲಗ್ ತೆಗೆಯಿರಿ. ಹಿಂದಿನ ಚಕ್ರ ನೆಲ ಬಿಟ್ಟಿರುವಂತೆ ಸ್ಟ್ಯಾಂಡ್ ಹಾಕಿ, ಕೊನೆಯ ಗೇರಿಗೆ ಹಾಕಿ, ಚಕ್ರವನ್ನು ಮುಂದಕ್ಕೆ ಮೆಲ್ಲಗೆ ತಿರುಗಿಸಿದರೆ ಎಂಜಿನ್ ತಿರುಗುತ್ತದೆ. ಬೆಲ್ಟ್ ಕವರಿನ ಸ್ಕ್ರೂಗಳ ಉದ್ದ ಒಂದೇ ಅಲ್ಲ. ರಟ್ಟಿನಲ್ಲಿ ಕವರಿನ ಚಿತ್ರ ಬಿಡಿಸಿ, ಆಯಾ ಜಾಗಕ್ಕೆ ಚುಚ್ಚಿಡಿ.

ಪುಲ್ಲಿಗಳ ಮೇಲಿನ ಕಾರ್ಖಾನೆಯ ಗುರುತು ಕೂಡಿಸುವಾಗ ಒಂದು ಮೋಸ ಇದೆ. ಬೆಲ್ಟ್ ತಿರುಗಿಸುವ ಕೆಳಗಿನ ಪುಲ್ಲಿ ಕ್ರ್ಯಾಂಕಿನ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡದ) ಅರ್ಧ ವೇಗದಲ್ಲಿ ತಿರುಗುತ್ತದೆ. ಹಾಗಾಗಿ ಕ್ರ್ಯಾಂಕ್ ಎರಡು ಸುತ್ತು ಬಂದಾಗ ಒಂದು ಸಲ ಮಾತ್ರ ಎಲ್ಲ ಗುರುತು ಒಟ್ಟಿಗೆ ಸೇರುತ್ತದೆ. ಪಿಸ್ಟನ್ ಮೇಲೆ ಬಂದಿದೆ, ಪುಲ್ಲಿಯ ಗುರುತು ಮಾತ್ರ ಕೆಳಗಿದೆ ಅಂದರೆ ಗಾಬರಿ ಬೇಡ. ಇನ್ನೊಂದು ಸುತ್ತು ತಿರುಗಿಸಿ. ಎರಡರಲ್ಲಿ ಮಲಗಿರುವ ಸಿಲಿಂಡರಿನ ಪಿಸ್ಟನ್ ಕಂಪ್ರೆಷನ್ನಿನಲ್ಲಿ (ಎರಡೂ ಬಗೆಯ ವಾಲ್ವ್ ಮುಚ್ಚಿರುವಾಗ) ಮೇಲೆ ಬಂದು ನಿಂತಾಗ ಕೆಲಸ ಶುರು.

ಕಾರ್ಖಾನೆಯ ಗುರುತು ಕಣ್ಣಿಗೆ ಕಂಡರೂ ನಂಬಿ ಕೂರಬೇಡಿ. ಪ್ರತಿ ಪುಲ್ಲಿಗೂ ಅದರ ಹಿಂದಿನ ಲೋಹಕ್ಕೂ ಸೇರಿ ಒಂದೇ ಗೆರೆ ವೈಟ್ನರಿನಲ್ಲಿ ಎಳೆಯಿರಿ. ಹಳೆಯ ಬೆಲ್ಟಿಗೂ ಹಾಗೇ ಗುರುತು ಮಾಡಿ, ಗುರುತಿನಿಂದ ಗುರುತಿಗೆ ಹಲ್ಲು ಎಣಿಸಿ ಬರೆದಿಡಿ. ಫೋಟೋ ತೆಗೆಯಿರಿ, ಕೋನ ಬದಲಿಸಿ ಮತ್ತೆ ತೆಗೆಯಿರಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಮೊದಲ ಸಲ ಬೆಲ್ಟ್ ಸಡಿಲವಾದ ಕೂಡಲೇ ಒಂದು ಪುಲ್ಲಿ ‘ಟಕ್’ ಅಂತ ತಾನೇ ತಿರುಗಿತು. ನನ್ನ ಎದೆ ಧಸಕ್ಕೆಂದಿತು. ವಾಲ್ವ್ ಪೂರ್ತಿ ಮುಚ್ಚಲು ನೆರವಾಗುವ ಸಣ್ಣ ಸ್ಪ್ರಿಂಗುಗಳಿರುತ್ತವೆ, ಕ್ಯಾಮ್ ಇಳಿಜಾರಿನಲ್ಲಿ ನಿಂತಿದ್ದರೆ ಅವು ಅದನ್ನು ತಳ್ಳಿಬಿಡುತ್ತವೆ. ಗೆರೆ ಇದ್ದುದರಿಂದ ಪುಲ್ಲಿಯನ್ನು ಬಂದ ದಾರಿಯಲ್ಲೇ ಮೆಲ್ಲಗೆ ವಾಪಸ್ ತಂದೆ. ಎಲ್ಲಾದರೂ ತಡೆದಂತೆ ಅನ್ನಿಸಿದರೆ ಬಲ ಹಾಕಲೇಬೇಡಿ. ವಾಲ್ವಿಗೆ ವಾಲ್ವ್ ತಾಗಿರಬಹುದು.

ಬೆಲ್ಟ್ ಬಿಚ್ಚಿದಾಗಲೇ ರೋಲರುಗಳನ್ನು ಬೆರಳಿನಿಂದ ತಿರುಗಿಸಿ ನೋಡಿ. ಗರಗರ ಅಂದರೆ, ಅಥವಾ ಗ್ರೀಸೇ ಇಲ್ಲದಂತೆ ಸುಯ್ಯನೆ ತಿರುಗಿದರೆ ಬದಲಿಸಿ.

ಹೊಸ ಬೆಲ್ಟ್, ಕ್ಲಿಪ್ಪು, ಝಿಪ್ ಟೈ

ಹೊಸ ಬೆಲ್ಟನ್ನು ಮಡಚಬಾರದು, ತಿರುಚಬಾರದು, ಎಣ್ಣೆ ಕೈಯಿಂದ ಮುಟ್ಟಬಾರದು. ಕೆಳಗಿನ ಪುಲ್ಲಿಯಿಂದ ಶುರು ಮಾಡಿ. ಟೆನ್ಷನರ್ ಇಲ್ಲದ ಕಡೆಯಲ್ಲಿ ಸ್ವಲ್ಪವೂ ಸಡಿಲ ಉಳಿಯದಂತೆ ಎಳೆದು ಕ್ಯಾಮ್ ಪುಲ್ಲಿಗಳ ಮೇಲೆ ಕೂರಿಸಿ. ಒಂದೊಂದು ಪುಲ್ಲಿಯ ಮೇಲೆ ಬೆಲ್ಟ್ ಕೂತ ಕೂಡಲೇ ಕಾಗದಕ್ಕೆ ಹಾಕುವ ಬೈಂಡರ್ ಕ್ಲಿಪ್ ಒಂದನ್ನು ಕಚ್ಚಿಸಿಬಿಡಿ, ಹಲ್ಲು ಜಾರುವುದಿಲ್ಲ. ಕೊನೆಗೆ ಟೆನ್ಷನರ್ ಕಡೆ. ಉಳಿದ ಸಡಿಲವೆಲ್ಲ ಇಲ್ಲೇ ಇರಬೇಕು. ಕ್ಲಿಪ್ ಎಷ್ಟು ಹಾಕಿದಿರೋ ಅಷ್ಟೂ ವಾಪಸ್ ಬಂತೇ ಅಂತ ಎಣಿಸಿ. ನಾನು ಒಂದನ್ನು ಮರೆತು ಚಕ್ರ ತಿರುಗಿಸಲು ಹೊರಟಿದ್ದೆ.

ಈಗ ನಮ್ಮ ಉಪಕರಣ. ನಟ್ಟನ್ನು ರೋಲರ್ ಕಷ್ಟಪಟ್ಟು ತಿರುಗುವಷ್ಟು ಮಾತ್ರ ಬಿಗಿ ಮಾಡಿ. ಪಿನ್ನುಗಳನ್ನು ತೂತಿಗೆ ಕೂರಿಸಿ, ಕೈಪಿಡಿ ತೋರಿಸಿದ ದಿಕ್ಕಿಗೆ ಹಿಡಿಯನ್ನು ತಿರುಗಿಸಿ. ಬೆಲ್ಟ್ ಬಿಗಿಯಾಗುತ್ತಾ ಬಂದಾಗ ಹಿಡಿಯ ತುದಿಯ ಆ ಸಣ್ಣ ತೂತಿಗೆ ಝಿಪ್ ಟೈ ಪೋಣಿಸಿ ಫ್ರೇಮಿನ ಪೈಪಿಗೆ ಸುತ್ತಿ ಎಳೆಯಿರಿ. ಇದೇ ಮೂರನೇ ಕೈ. ಝಿಪ್ ಟೈ ಎಳೆದಾಗ ಬರುವ ಟಿಕ್ ಒಂದಕ್ಕೆ ಹಿಡಿಯ ತುದಿ ಒಂದು ಮಿಲಿಮೀಟರ್ ಸರಿಯಿತು ಅಂದುಕೊಂಡರೆ, 180 ಮಿಲಿಮೀಟರ್ ಹಿಡಿಯಲ್ಲಿ ರೋಲರ್ ತಿರುಗುವುದು ಸುಮಾರು ಮೂರನೇ ಒಂದು ಡಿಗ್ರಿ. ಅಷ್ಟು ಸಣ್ಣ ಹೆಜ್ಜೆ ಬರೀ ಕೈಯಿಂದ ಇಡಲು ನನಗಂತೂ ಆಗುವುದಿಲ್ಲ. ಝಿಪ್ ಟೈ ಮುಂದಕ್ಕಷ್ಟೇ ಹೋಗುತ್ತದೆ, ಜಾಸ್ತಿಯಾದರೆ ಕತ್ತರಿಸಿ ಹೊಸದು ಹಾಕಬೇಕು. ನಾಲ್ಕೈದು ಪಕ್ಕದಲ್ಲಿಟ್ಟುಕೊಳ್ಳಿ.

ಬಿಗಿ ಅಳೆಯುವುದು ಕಿವಿಯಿಂದ, ಅಂದರೆ ಫೋನಿನ ಕಿವಿಯಿಂದ. ಶಬ್ದದ ಹರ್ಟ್ಜ್ ತೋರಿಸುವ ಆ್ಯಪ್ ಹಾಕಿ, ಮೈಕನ್ನು ಬೆಲ್ಟಿನ ಹತ್ತಿರ ಹಿಡಿದು, ಬೆಲ್ಟನ್ನು ತಂತಿಯಂತೆ ಮೀಟಿ. ನನ್ನ ಬೈಕಿನಲ್ಲಿ ಹೊಸ ಬೆಲ್ಟಿಗೆ 110 ಹರ್ಟ್ಜ್ ಬೇಕು. ಗಿಟಾರಿನ ಐದನೇ ತಂತಿಯ ಸ್ವರವೂ ಅದೇ 110. ಮಗಳು ಗಿಟಾರ್ ತಂದು ಪಕ್ಕದಲ್ಲಿ ಕೂತಳು, ಆ್ಯಪ್ ತಡವರಿಸಿದಾಗ ಅವಳೇ ‘ಇನ್ನೂ ಕೆಳಗಿದೆ ಅಪ್ಪಾ’ ಅನ್ನುತ್ತಿದ್ದಳು. ನಿಮ್ಮ ಎಂಜಿನ್ನಿನ ಅಂಕಿ ಬೇರೆ ಇರಬಹುದು, ಯಾವ ಎರಡು ಪುಲ್ಲಿಗಳ ನಡುವೆ ಮೀಟಬೇಕು ಅನ್ನುವುದೂ ಕೈಪಿಡಿಯಲ್ಲೇ ಇರುತ್ತದೆ. ಜಾಗ ಬದಲಾದರೆ ಉದ್ದ ಬದಲಾಗುತ್ತದೆ, ಸ್ವರವೂ ಬದಲಾಗುತ್ತದೆ. ಇನ್ನೊಂದು ನೆನಪಿರಲಿ: ಬಿಗಿ ನಾಲ್ಕು ಪಟ್ಟಾದರೆ ಹರ್ಟ್ಜ್ ಎರಡೇ ಪಟ್ಟಾಗುತ್ತದೆ. 110 ಇರಬೇಕಾದಲ್ಲಿ 120 ಬಂತು ಅಂದರೆ ಬಿಗಿ ಸುಮಾರು ಶೇಕಡ 19ರಷ್ಟು ಏರಿದೆ.

ಅಂಕಿ ಸಿಕ್ಕಿತೇ? ಹಿಡಿಯ ಮೇಲೆ ಎಡಗೈ ಇಟ್ಟೇ, ನಡುವಿನ ತೂತಿನಿಂದ ಸಾಕೆಟ್ ಇಳಿಸಿ ನಟ್ ಬಿಗಿ ಮಾಡಿ, ಕೊನೆಗೆ ಟಾರ್ಕ್ ರೆಂಚಿನಿಂದ ಕೈಪಿಡಿ ಹೇಳಿದಷ್ಟಕ್ಕೆ ನಿಲ್ಲಿಸಿ. ನಟ್ ತಿರುಗುವಾಗ ರೋಲರನ್ನೂ ಜೊತೆಗೆ ಎಳೆಯುತ್ತದೆ. ಝಿಪ್ ಟೈ ಒಂದು ದಿಕ್ಕಿಗೆ ತಡೆಯುತ್ತದೆ, ಇನ್ನೊಂದು ದಿಕ್ಕಿಗೆ ನಿಮ್ಮ ಕೈಯೇ ಗತಿ. ನನಗೆ ಈ ಹಂತದಲ್ಲಿ ಎರಡು ಮೂರು ಹರ್ಟ್ಜ್ ಏರುತ್ತದೆ. ಅದಕ್ಕೇ ಈಗ 107ಕ್ಕೇ ನಿಲ್ಲಿಸಿ ಬಿಗಿ ಮಾಡುವುದು ರೂಢಿ.

ಎರಡನೇ ಬೆಲ್ಟೂ ಹೀಗೇ. ಆಮೇಲೆ ಚಕ್ರ ತಿರುಗಿಸಿ ಕ್ರ್ಯಾಂಕನ್ನು ಎರಡು ಸುತ್ತು ತನ್ನಿ, ವೈಟ್ನರ್ ಗೆರೆಗಳು ಮತ್ತೆ ಸೇರಬೇಕು. ನಡುವೆ ಗಟ್ಟಿಯಾಗಿ ಏನಾದರೂ ತಡೆದರೆ ಅಲ್ಲೇ ನಿಲ್ಲಿಸಿ ಹಲ್ಲು ಎಣಿಸಿ. ಇನ್ನೆರಡು ಸುತ್ತು ತಂದು ಹರ್ಟ್ಜ್ ಮತ್ತೊಮ್ಮೆ ನೋಡಿ. ಬೆಲ್ಟ್ ಪುಲ್ಲಿಯ ಮೇಲೆ ಸರಿಯಾಗಿ ಕೂತ ಮೇಲೆ ಅಂಕಿ ಸ್ವಲ್ಪ ಇಳಿದಿರುವುದು ಮಾಮೂಲು.

ಪ್ಲಗ್ ಹಾಕಿ ಸ್ಟಾರ್ಟ್ ಮಾಡಿದಾಗ ಬೆಲ್ಟ್ ಕಡೆಯಿಂದ ಸಣ್ಣಗೆ ಕೊಯ್ ಅನ್ನುವ ಸದ್ದು ಬಂದು, ಎಂಜಿನ್ ಬಿಸಿಯಾದಂತೆ ಅದು ಜಾಸ್ತಿಯಾದರೆ ಬೆಲ್ಟ್ ಬಿಗಿ ಹೆಚ್ಚಾಗಿದೆ. ಆಫ್ ಮಾಡಿ, ರಾತ್ರಿ ಬಿಟ್ಟು, ಬೆಳಿಗ್ಗೆ ಮತ್ತೆ ಕವರ್ ಬಿಚ್ಚಿ. ನಾನು ಒಮ್ಮೆ ಹಾಗೆ ಬಿಚ್ಚಿದಾಗ ಆ್ಯಪ್ 131 ತೋರಿಸಿತು. ಮಗಳು ಗಿಟಾರ್ ಹಿಡಿದು ಹೊರಗೆ ಹೋಗಿದ್ದ ದಿನ ಅದು.